ಶಿಫ್ಟ್ ಬದಲಾಗೋವಾಗ ಮಾತ್ರ ನಿಂತು ಹೋಗ್ತಿದ್ದ ವೇಬ್ರಿಡ್ಜ್ ಸ್ಕ್ರೀನು

"ಶಿಫ್ಟ್ ಬದ್ಲಾಗೋ ಟೈಮ್‌ಗೇ ನಿಂತೋಯ್ತದೆ ಸಾ, ಮಿಕ್ಕ ಹೊತ್ನಲ್ಲಿ ಏನೂ ಆಗಕ್ಕಿಲ್ಲ."

ಕಬ್ಬನ್ನ ಗಾಡಿ ಸಮೇತ ತೂಗೋ ವೇಬ್ರಿಡ್ಜಿನ ಆಪರೇಟರ್ ಅಣ್ಣ ಈ ಮಾತನ್ನ ನನಗೆ ಮೂರು ಸಲ ಹೇಳಿದ್ರು. ಎರಡು ಸಲ ಫೋನಲ್ಲಿ, ಒಂದು ಸಲ ಎದುರಿಗೇ. ಮೂರನೇ ಸಲ ಹೇಳೋವರೆಗೂ ಅದು ನನ್ನ ತಲೆಗೆ ಹೋಗಲಿಲ್ಲ. ಇವತ್ತಿಗೂ ಅದನ್ನ ನೆನೆಸ್ಕೊಂಡ್ರೆ ಬೇಜಾರಾಗುತ್ತೆ, ಅದಕ್ಕೇ ಬರೀತಿದೀನಿ.

ನಾನಿರೋದು ಮೈಸೂರಲ್ಲಿ, ಹೆಬ್ಬಾಳದ ಕಡೆ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಲ್ಲಿ ಕೆಲಸ. ಮಂಡ್ಯ ದಾಟಿ ಒಳಗಡೆ ಇರೋ ಒಂದು ಸಕ್ಕರೆ ಕಾರ್ಖಾನೆಗೆ ನಮ್ಮದು ಎರಡು ಸಾಫ್ಟ್‌ವೇರ್ ಇದೆ, ತೂಕದ ಮನೆಯಲ್ಲಿ ಓಡೋದು ಸಿ ಶಾರ್ಪ್ ಭಾಷೇಲಿ, ವಿಂಡೋಸ್ ಸ್ಕ್ರೀನ್ ಕಟ್ಟೋ ವಿನ್‌ಫಾರ್ಮ್ಸ್ ಬಳಸಿ ಬರೆದ ಡೆಸ್ಕ್‌ಟಾಪ್ ಆಪ್, ಗೇಟಲ್ಲಿ ಟೋಕನ್ ಎಂಟ್ರಿ ಮಾಡೋದೂ ಮ್ಯಾನೇಜರ್‌ಗಳು ರಿಪೋರ್ಟ್ ನೋಡೋದೂ ವೆಬ್ ಪೇಜಲ್ಲಿ. ಡೆಸ್ಕ್‌ಟಾಪ್ ಆಪ್ ನನಗಿಂತ ಮುಂಚೆ ಇದ್ದೋರು ಬರೆದಿದ್ದು. ತೂಕ ಓದೋ ಇಂಡಿಕೇಟರ್ ಅನ್ನೋ ಪೆಟ್ಟಿಗೆಯಿಂದ ಯುಎಸ್‌ಬಿ ಕನ್ವರ್ಟರ್ ಕೇಬಲ್ ಮೂಲಕ ಕಂಪ್ಯೂಟರ್‌ನ ಸೀರಿಯಲ್ ಪೋರ್ಟಿಗೆ ತೂಕ ಬರುತ್ತೆ, ಅದು ಸ್ಕ್ರೀನಲ್ಲಿರೋ ಲೇಬಲ್ ಮೇಲೆ ಕಾಣುತ್ತೆ, ಆಪರೇಟರ್ ಗ್ರಾಸ್ (ಲೋಡ್ ಸಮೇತ ತೂಕ) ಒತ್ತಿದ್ರೆ ಸೇವ್, ಗಾಡಿ ಖಾಲಿಯಾಗಿ ವಾಪಸ್ ಬಂದಾಗ ಟೇರ್ (ಖಾಲಿ ಗಾಡಿ ತೂಕ) ಒತ್ತಿದ್ರೆ ಚೀಟಿ ಪ್ರಿಂಟ್.

ಆ ಕೋಡಲ್ಲಿ ಒಂದು ಸಾಲು ಇತ್ತು, ಚೆಕ್‌ಫಾರ್‌ಇಲ್ಲೀಗಲ್‌ಕ್ರಾಸ್‌ಥ್ರೆಡ್‌ಕಾಲ್ಸ್ ಈಕ್ವಲ್ ಟು ಫಾಲ್ಸ್. ವಿನ್‌ಫಾರ್ಮ್ಸ್ ಮಾಡಿರೋರಿಗೆ ಇದು ಗೊತ್ತಿರುತ್ತೆ. ಪೋರ್ಟಿಗೆ ತೂಕ ಬಂತು ಅಂತ ಹೇಳೋ ಡೇಟಾರಿಸೀವ್ಡ್ ಇವೆಂಟ್ ಬರೋದು ಬೇರೆ ಥ್ರೆಡ್ಡಲ್ಲಿ, ಅಂದ್ರೆ ಸ್ಕ್ರೀನ್ ನೋಡ್ಕೊಳ್ಳೋ ಮೇನ್ ಥ್ರೆಡ್ ಪಕ್ಕದಲ್ಲೇ ಓಡೋ ಇನ್ನೊಂದು ಕೆಲಸದ ಎಳೇಲಿ, ಅಲ್ಲಿಂದ ನೇರವಾಗಿ ಲೇಬಲ್ ಮುಟ್ಟಿದ್ರೆ ಕೋಡ್ ಬರೆಯೋ ವಿಷುವಲ್ ಸ್ಟುಡಿಯೋದಲ್ಲಿ ಓಡಿಸುವಾಗ ಎಕ್ಸೆಪ್ಷನ್ (ಎರರ್) ಬೀಳುತ್ತೆ, ಆ ಸಾಲು ಹಾಕಿದ್ರೆ ಬಾಯಿ ಮುಚ್ಕೊಳ್ಳುತ್ತೆ. ತಪ್ಪು ಹುಡುಕೋ ಡಿಬಗ್ಗರ್ ಇಲ್ದೆ ಬರೀ ಎಕ್ಸೆ (ಆಪ್ ಫೈಲು) ಓಡಿಸಿದ್ರೆ ಆ ಚೆಕ್ಕೇ ಇರಲ್ಲ, ಹಾಗಾಗಿ ಸೈಟಲ್ಲಿ ಎಷ್ಟೋ ಆಪ್‌ಗಳು ಈ ತಪ್ಪು ಹೊತ್ಕೊಂಡೇ ವರ್ಷಗಟ್ಟಲೆ ಓಡ್ತಾ ಇರ್ತವೆ, ಯಾವಾಗಲೋ ಒಂದ್ಸಲ ಲೇಬಲ್ ಖಾಲಿ ಕಾಣುತ್ತೆ ಅಷ್ಟೆ. ಇಲ್ಲೂ ಹಾಗೇ ಆಗ್ತಿತ್ತು, ತೂಕ ಆಗಾಗ ಕಾಣಲ್ಲ ಅಂತ ಟಿಕೆಟ್ ಬಂದಿತ್ತು. ನಾನು ಆ ಸಾಲು ತೆಗೆದು, ಪುಸ್ತಕದಲ್ಲಿ ಹೇಳೋ ಹಾಗೆ ಲೇಬಲ್ ಬರೆಯೋ ಕೆಲಸನ ಮೇನ್ ಥ್ರೆಡ್‌ಗೆ ಒಪ್ಪಿಸೋ ಇನ್ವೋಕ್ ಹಾಕಿ, ಆಫೀಸಲ್ಲಿ ಇಂಡಿಕೇಟರ್ ಥರ ತೂಕ ಕಳಿಸೋ ಸಿಮ್ಯುಲೇಟರ್ ಜೊತೆ ಓಡಿಸಿ ನೋಡಿ, 2023ರ ಆಗಸ್ಟಲ್ಲಿ ಒಂದು ಶುಕ್ರವಾರ ಸಂಜೆ 4 ಗಂಟೆಗೆ ದೂರದಿಂದಲೇ ಎನಿಡೆಸ್ಕಲ್ಲಿ ಹೋಗಿ ಹೊಸ ಬಿಲ್ಡ್ ಹಾಕ್ಬಿಟ್ಟೆ. ಅರೆಯೋ ಸೀಸನ್ ನಡುವೆ, ಅದೂ ಶುಕ್ರವಾರ ಸಂಜೆ. ಹಾಕಬಾರದಿತ್ತು. ಆದ್ರೆ ವಾರದ ಕೊನೆಗೆ ಟಿಕೆಟ್ ಮುಚ್ಚಿದ ಲೆಕ್ಕ ತೋರಿಸ್ಬೇಕು ಅನ್ನೋ ಪದ್ಧತಿ ನಮ್ಮಲ್ಲಿದೆ, ಆ ಪದ್ಧತಿ ಬಗ್ಗೆ ನಾನು ಮೀಟಿಂಗಲ್ಲೂ ಹೇಳಿದೀನಿ, ಇಲ್ಲೂ ಹೇಳ್ತೀನಿ, ಅದು ತಪ್ಪು.

ರಾತ್ರಿ 10 ಗಂಟೆ ದಾಟಿದ ತಕ್ಷಣ ಮೊದಲ ಫೋನ್. ಸ್ಕ್ರೀನ್ ನಿಂತೋಗಿದೆ. ರೀಸ್ಟಾರ್ಟ್ ಮಾಡಿ ಅಂದೆ, ಸರಿಹೋಯ್ತು, ಮಲಗಿದೆ. ಬೆಳಗ್ಗೆ 6ಕ್ಕೆ ಎರಡನೇ ಫೋನ್, ಅದೇ ಕಥೆ. ಅವರು ಶಿಫ್ಟ್ ಮಾತು ಹೇಳಿದ್ದು ಆಗಲೇ, ನಾನು ಮಾತ್ರ "ಕನ್ವರ್ಟರ್ ಕೇಬಲ್ ಹೋಗಿರ್ಬೇಕು ಅಣ್ಣ, ಹೊಸದು ತರ್ತೀನಿ" ಅಂದೆ. ಯಾಕೆ ಹಾಗಂದೆ ಅಂದ್ರೆ ನನ್ನ ಕೋಡ್ ಸರಿ ಇದೆ ಅಂತ ನಂಬಿದ್ದೆ. ತಪ್ಪು ಸಾಲು ತೆಗೆದು ಸರಿಯಾದ ಸಾಲು ಹಾಕಿದೀನಲ್ಲ, ಅದರಿಂದ ಕೆಟ್ಟದ್ದು ಹೇಗಾಗುತ್ತೆ ಅನ್ನೋದು ತಲೇಲಿ.

ಬೈಕಲ್ಲಿ ಹೊರಟೆ. ಆ ತಿಂಗಳು 1ನೇ ತಾರೀಕಿಂದ ಬೆಂಗಳೂರು-ಮೈಸೂರು ಹೊಸ ಹೈವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡೋದು ನಿಲ್ಲಿಸಿದ್ರು, ಸರ್ವಿಸ್ ರೋಡಲ್ಲೇ ಶ್ರೀರಂಗಪಟ್ಟಣ ದಾಟಿ ಹೋಗ್ಬೇಕು. ದಾರಿ ಉದ್ದಕ್ಕೂ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ. ಆಗಸ್ಟ್ ಅಂದ್ರೂ ಮಳೆ ಇಲ್ಲ, ಬಿಸಿಲು ಸುಡ್ತಿತ್ತು. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ಒಣಗಿ ತೂಕ ಇಳಿಯುತ್ತೆ, ಕಬ್ಬಿಗೆ ದುಡ್ಡು ಕೊಡೋದು ಟನ್ನಿನ ಲೆಕ್ಕದಲ್ಲಿ, ಅಂದ್ರೆ ಕ್ಯೂನಲ್ಲಿ ಕಾಯೋ ಒಂದೊಂದು ಗಂಟೆನೂ ರೈತನ ಜೇಬಿಂದಲೇ ಹೋಗೋದು. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ, ನಮ್ಮ ತಾತನೂ ಕಬ್ಬು ಬೆಳೆದೋರೇ.

11:30ಕ್ಕೆ ತಲುಪಿದೆ. ಎಲ್ಲ ಚೆನ್ನಾಗಿ ಓಡ್ತಿತ್ತು. ಹೊಸ ಕನ್ವರ್ಟರ್ ಹಾಕಿದೆ, ಅದೂ ಅದೇ ಕಾಮ್ 3ಕ್ಕೇ (ವಿಂಡೋಸ್ ಪೋರ್ಟಿಗೆ ಕೊಡೋ ನಂಬರ್) ಕೂತ್ಕೊಂಡ್ತು, ಎರಡು ಗಂಟೆ ನೋಡಿದೆ, ಒಂದ್ಸಲನೂ ನಿಲ್ಲಲಿಲ್ಲ. ಕೇಬಲ್ಲೇ ಅಂತ ಖಾತ್ರಿ ಮಾಡ್ಕೊಂಡು ಬ್ಯಾಗ್ ಹಾಕ್ಕೋತಿದ್ದೆ. 2 ಗಂಟೆಗೆ ಸೈರನ್ ಆಯ್ತು, ಅಣ್ಣ ಲಾಗೌಟ್ ಒತ್ತಿದ್ರು, ಸ್ಕ್ರೀನ್ ನನ್ನ ಕಣ್ಣೆದುರಿಗೇ ನಿಂತೋಯ್ತು.

ಮುಂದಿನ 25 ನಿಮಿಷ ನಾನು ಏನೇನು ಮಾಡಿದೆ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ತಪ್ಪು ಆಗಿದ್ದು ಅಲ್ಲೇ.

ಹೊಸ ಶಿಫ್ಟ್ ಆಪರೇಟರ್ ಬಂದು ಡೆಸ್ಕ್‌ಟಾಪ್ ಮೇಲಿನ ಐಕಾನ್ ಒತ್ತಿ ಆಪನ್ನ ಇನ್ನೊಂದ್ಸಲ ತೆಗೆದ್ರು. ಕಾಮ್ 3ಕ್ಕೆ ಆಕ್ಸೆಸ್ ಡಿನೈಡ್ ಅಂತ ಎರರ್. ನಾನು ಆ ಎರರ್ ನೋಡಿ ಡ್ರೈವರ್ ಸಿಕ್ಕಾಕ್ಕೊಂಡಿದೆ ಅಂತ ತೀರ್ಮಾನ ಮಾಡಿ, ಕನ್ವರ್ಟರ್ ಕಿತ್ತು ಪಕ್ಕದ ಯುಎಸ್‌ಬಿ ತೂತಿಗೆ ಹಾಕಿದೆ. ತೂತು ಬದಲಾದ್ರೆ ಕಾಮ್ ನಂಬರೂ ಬದಲಾಗಬಹುದು, ಇಲ್ಲಿ ಕಾಮ್ 5 ಆಯ್ತು. ಆಪ್ ಸೆಟ್ಟಿಂಗ್ ಇರೋ ಕಾನ್ಫಿಗ್ ಫೈಲಲ್ಲಿ ಇರೋದು 3. ಈಗ ಪೋರ್ಟೇ ಇಲ್ಲ ಅಂತ ಎರರ್. ಕಾನ್ಫಿಗ್ ಪ್ರೋಗ್ರಾಮ್ ಫೈಲ್ಸ್ ಒಳಗೆ, ಸೇವ್ ಆಗಲ್ಲ, ಅಡ್ಮಿನ್ ಪಾಸ್‌ವರ್ಡ್ ಐಟಿ ಇನ್‌ಚಾರ್ಜ್ ಹತ್ರ, ಅವರು ಊಟಕ್ಕೆ ಹೋಗಿದಾರೆ.

ಅಷ್ಟರಲ್ಲಿ ಪ್ಲಾಟ್‌ಫಾರ್ಮ್ ಮೇಲೆ ಇನ್ನೊಂದು ಟ್ರ್ಯಾಕ್ಟರ್ ಹತ್ತಿತ್ತು. ಹೊರಗಿನ ಕೆಂಪಕ್ಷರದ ಡಿಸ್‌ಪ್ಲೇ 19,840 ತೋರಿಸ್ತಿದೆ. ಒಳಗೆ ನಿಂತೋಗಿರೋ ವಿಂಡೋ ಮೇಲೆ ಹಿಂದಿನ ಗಾಡಿಯ 21,460 ಹಾಗೇ ದಪ್ಪಕ್ಷರದಲ್ಲಿ ಕೂತಿದೆ. ರೈತರೊಬ್ಬರು ಕಿಟಕಿ ಹತ್ರ ಬಂದು ಒಳಗೆ ಬಗ್ಗಿ ನೋಡಿದ್ರು, ಹೊರಗೆ ತಿರುಗಿ ನೋಡಿದ್ರು, ಮತ್ತೆ ಒಳಗೆ ನೋಡಿದ್ರು.

"ಇದೇನ್ ಸ್ವಾಮಿ, ಹೊರಗೊಂದು ತೂಕ ಒಳಗೊಂದು ತೂಕನಾ?"

ಕಬ್ಬು ಬೆಳೆಯೋ ಸೀಮೇಲಿ ತೂಕದ ಮನೆ ಮುಂದೆ ಈ ಪ್ರಶ್ನೆ ಎಷ್ಟು ಭಾರ ಅಂತ ಅಲ್ಲಿನೋರಿಗೇ ಗೊತ್ತು. ಹಿಂದೆ ನಿಂತಿದ್ದ ಐದಾರು ಜನ ಇಳಿದು ಬಂದ್ರು. ಯಾರೂ ಕೂಗಾಡಲಿಲ್ಲ, ಸುಮ್ನೆ ಸ್ಕ್ರೀನ್ ನೋಡ್ತಾ ನಿಂತ್ರು, ಅದೇ ಜಾಸ್ತಿ ಕಷ್ಟ ಆಯ್ತು ನನಗೆ. ಅಣ್ಣ ಶಿಫ್ಟ್ ಮುಗಿದಿದ್ರೂ ಹೋಗಿರ್ಲಿಲ್ಲ, ಅವರೇ ಎದ್ದು ಹೊರಗೆ ಹೋಗಿ, "ಹಳೇ ಗಾಡೀದು ಕನಣ್ಣ ಅದು, ಪರದೆ ನಿಂತೋಗದೆ, ಹೊರಗಿನ್ ತೂಕನೇ ಬರ್ಕೋತೀವಿ, ನೀನೇ ನೋಡ್ಕೊ" ಅಂತ ಹೇಳಿ ಪುಸ್ತಕದಲ್ಲಿ ಕೈಲಿ ಬರೆದು ಅವರ ಸೈನ್ ಹಾಕಿಸ್ಕೊಂಡ್ರು. ನಾನು ಕುರ್ಚಿ ಬಿಟ್ಟು ಎದ್ದು ಮಾತಾಡ್ಬೇಕಿತ್ತು, ಕೀಬೋರ್ಡ್ ಬಿಡಲಿಲ್ಲ.

ಪಾಸ್‌ವರ್ಡ್ ಬಂತು, ಕಾನ್ಫಿಗಲ್ಲಿ 5 ಮಾಡಿದೆ, ಆಪ್ ಓಡ್ತು. ಆಗ್ಲೂ ನನ್ನ ತಲೆ "ಆ ಯುಎಸ್‌ಬಿ ತೂತು ಹಾಳಾಗಿದೆ" ಅಂತಿತ್ತು! ಅಣ್ಣ ಟವಲ್ಲಲ್ಲಿ ಮುಖ ಒರೆಸ್ಕೋತಾ ಮೂರನೇ ಸಲ ಅಂದ್ರು, "ನಾ ಯೋಳ್ನಿಲ್ವಾ ಸಾ, ಶಿಫ್ಟ್ ಬದ್ಲಾಗೋ ಟೈಮ್‌ಗೇ." ಆಮೇಲೆ ಒಂದು ಮಾತು ಸೇರಿಸಿದ್ರು, "ಲಾಗೌಟ್ ಒತ್ತುತ್ಲೇ."

ಅಲ್ಲಿ ಹೊಳೀತು. ಲಾಗೌಟ್ ಅಂದ್ರೆ ಪೋರ್ಟ್ ಕ್ಲೋಸ್.

ಟಾಸ್ಕ್ ಮ್ಯಾನೇಜರ್ ತೆಗೆದ್ರೆ ನಮ್ಮ ಆಪ್ ಎರಡೆರಡು ಇದಾವೆ, ಹಳೇದು ನಾಟ್ ರೆಸ್ಪಾಂಡಿಂಗ್. ಕಾಮ್ 3ನ್ನ ಹಿಡ್ಕೊಂಡಿದ್ದು ಅದೇ, ಡ್ರೈವರೂ ಅಲ್ಲ ಕೇಬಲ್ಲೂ ಅಲ್ಲ. ಪುಣ್ಯಕ್ಕೆ ಈ ಸಲ ಎಂಡ್ ಟಾಸ್ಕ್ ಒತ್ತಲಿಲ್ಲ, ರೈಟ್ ಕ್ಲಿಕ್ ಮಾಡಿ, ಆಪ್ ಆ ಗಳಿಗೇಲಿ ಎಲ್ಲಿ ನಿಂತಿದೆ ಅಂತ ಹಿಡಿದಿಡೋ ಡಂಪ್ ಫೈಲ್ ತೆಗೆದೆ, ಲ್ಯಾಪ್‌ಟಾಪಲ್ಲಿ ವಿಷುವಲ್ ಸ್ಟುಡಿಯೋದಲ್ಲಿ ತೆಗೆದು ಥ್ರೆಡ್ಸ್ ವಿಂಡೋ ನೋಡಿದೆ. ಹಿಂದಿನ ರಾತ್ರಿಯಿಂದ ಹುಡುಕ್ತಿದ್ದದ್ದು ಎರಡು ಸಾಲಲ್ಲಿ ಕೂತಿತ್ತು. ಮೇನ್ ಥ್ರೆಡ್ ಸೀರಿಯಲ್‌ಪೋರ್ಟ್ ಕ್ಲೋಸ್ ಒಳಗೆ ನಿಂತಿದೆ. ಇನ್ನೊಂದು ಥ್ರೆಡ್ ನಾನು ಹಾಕಿದ ಇನ್ವೋಕ್ ಒಳಗೆ ನಿಂತಿದೆ.

ಕ್ಲೋಸ್ ಏನ್ಮಾಡುತ್ತೆ ಅಂದ್ರೆ, ಓಡ್ತಿರೋ ಡೇಟಾರಿಸೀವ್ಡ್ ಹ್ಯಾಂಡ್ಲರ್ (ತೂಕ ಬಂದಾಗ ಓಡೋ ನಮ್ಮ ಕೋಡು) ಮುಗೀಲಿ ಅಂತ ಕಾಯುತ್ತೆ. ಹ್ಯಾಂಡ್ಲರ್ ಒಳಗಿರೋ ಇನ್ವೋಕ್ ಏನ್ಮಾಡುತ್ತೆ ಅಂದ್ರೆ, ಮೇನ್ ಥ್ರೆಡ್ ಪುರುಸೊತ್ತಾಗಿ ಲೇಬಲ್ ಬರೀಲಿ ಅಂತ ಕಾಯುತ್ತೆ. ನಾಲೆ ಏರಿ ಮೇಲೆ ಎರಡು ಲೋಡ್ ಟ್ರ್ಯಾಕ್ಟರ್ ಎದುರುಬದುರು ಬಂದು ನಿಂತ ಹಾಗೆ, ಯಾರು ರಿವರ್ಸ್ ತಗೋಬೇಕು? ಆಫೀಸಲ್ಲಿ ಇದು ಯಾಕೆ ಸಿಗಲಿಲ್ಲ ಅಂದ್ರೆ ನಮ್ಮ ಸಿಮ್ಯುಲೇಟರ್ ಸೆಕೆಂಡಿಗೆ ಒಂದೇ ಸಲ ತೂಕ ಕಳಿಸೋದು, ಕ್ಲೋಸ್ ಒತ್ತೋ ಗಳಿಗೆಗೂ ಡೇಟಾ ಬರೋ ಗಳಿಗೆಗೂ ತಾಳೆ ಬೀಳೋದೇ ಅಪರೂಪ. ನಿಜವಾದ ಇಂಡಿಕೇಟರ್ ಬಿಡುವಿಲ್ಲದೆ ಸುರೀತಾನೇ ಇರುತ್ತೆ, ಅಲ್ಲಿ ತಾಳೆ ಬೀಳದೇ ಇರೋದು ಅಪರೂಪ. ಹಳಬರ ಆ ತಪ್ಪು ಸಾಲಲ್ಲಿ ಲೇಬಲ್ ಕೆಡ್ತಿತ್ತು, ಆದ್ರೆ ಯಾರೂ ಯಾರಿಗೂ ಕಾಯ್ತಿರ್ಲಿಲ್ಲ, ಹಾಗಾಗಿ ನಿಲ್ತಿರ್ಲಿಲ್ಲ.

ಇನ್ವೋಕ್ ಬದಲು, ಕೆಲಸ ಒಪ್ಪಿಸಿ ಕಾಯದೇ ಮುಂದೆ ಹೋಗೋ ಬಿಗಿನ್‌ಇನ್ವೋಕ್ ಹಾಕಿದ್ರೆ ಈ ಕಾಯೋದು ತಪ್ಪುತ್ತೆ. ಮೊದಲು ಅದನ್ನೇ ಹಾಕಿದೆ. ಆಮೇಲೆ ಕೂತು ಯೋಚನೆ ಮಾಡಿದ್ರೆ ಅದರಲ್ಲೂ ಎರಡು ತೊಂದರೆ, ಫಾರ್ಮ್ ಮುಚ್ಚಿದ ಮೇಲೆ ಬಂದು ಬೀಳೋ ಕಾಲ್‌ಗೆ ಬೇರೆ ಎಕ್ಸೆಪ್ಷನ್, ಜೊತೆಗೆ ಇಷ್ಟು ವೇಗವಾಗಿ ಡೇಟಾ ಬಂದ್ರೆ ಮೆಸೇಜ್ ಕ್ಯೂ (ಮೇನ್ ಥ್ರೆಡ್ಡಿಗೆ ಕಾಯೋ ಕೆಲಸಗಳ ಸಾಲು) ತುಂಬ್ಕೊಳ್ಳೋದು. ಕೊನೆಗೆ ಹ್ಯಾಂಡ್ಲರ್ ಸ್ಕ್ರೀನ್ ತಂಟೆಗೇ ಹೋಗದ ಹಾಗೆ ಬರೆದೆ, ಪೂರ್ತಿ ಸಾಲು ಬಂದ ಮೇಲೆ ತೂಕ ಒಂದು ವೇರಿಯಬಲ್‌ಗೆ ಹಾಕಿ ಸುಮ್ನಾಗುತ್ತೆ, ಫಾರ್ಮ್ ಮೇಲೊಂದು ಟೈಮರ್ 200 ಮಿಲಿಸೆಕೆಂಡಿಗೊಂದ್ಸಲ ಅದನ್ನ ಓದಿ ಲೇಬಲ್‌ಗೆ ಬರೆಯುತ್ತೆ. ಹೊಸ ಡೇಟಾ 2 ಸೆಕೆಂಡ್ ಬರ್ಲಿಲ್ಲ ಅಂದ್ರೆ ತೂಕದ ಜಾಗದಲ್ಲಿ ಗೆರೆ ಬರುತ್ತೆ, ಹಳೇ ನಂಬರ್ ನಿಲ್ಲಲ್ಲ. ಆ ಗೆರೆ ಹಾಕಿದ್ದು ಕಿಟಕಿ ಹತ್ರ ಬಂದಿದ್ದ ಆ ರೈತರನ್ನ ನೆನೆಸ್ಕೊಂಡು.

ರಾತ್ರಿ 10ರ ಶಿಫ್ಟಿಗೆ ಲಾಗೌಟ್ ಒತ್ತಿದ್ರು, ಲಾಗಿನ್ ಪೇಜ್ ಬಂತು. ಇನ್ನೊಂದ್ಸಲ ಒತ್ತಿ ಅಂದೆ. ಇಪ್ಪತ್ತು ಸಲ ಒತ್ತಿಸಿದೆ. ಅಷ್ಟು ಹೊತ್ತಲ್ಲಿ ವಾಪಸ್ ಹೋಗೋದು ಬೇಡ ಅಂತ ಅಲ್ಲೇ ಉಳ್ಕೊಂಡೆ, ಉಳ್ಕೊಂಡಿದ್ದಕ್ಕೆ ಇನ್ನೊಂದು ಸಿಕ್ತು.

12:40ಕ್ಕೆ ಒಂದು ಗಾಡಿ ಗೇಟಿಗೆ ಬಂತು, ಹುಡುಗ ವೆಬ್ ಪೇಜಲ್ಲಿ ಟೋಕನ್ ಹಾಕಿದ, ಚೀಟಿ ನೋಡಿದ್ರೆ ತಾರೀಕು ಶನಿವಾರದ್ದು. ಭಾನುವಾರ ಶುರುವಾಗಿ 40 ನಿಮಿಷ ಆಗಿದೆ. ಇದೇನಪ್ಪ ಅಂದ್ರೆ ಆ ಹುಡುಗ ಡ್ರಾಯರಿಂದ ಒಂದು ನೋಟ್‌ಬುಕ್ ತೆಗೆದ. ರಾತ್ರಿ 12ರಿಂದ ಬೆಳಗ್ಗೆ 5:30ರವರೆಗೆ ಬಂದ ಟೋಕನ್ನುಗಳನ್ನ ಸೀಸನ್ ಶುರುವಾದಾಗಿಂದ ದಿನಾ ಕೈಲಿ ಬರೆದಿಟ್ಟು, ಬೆಳಗ್ಗೆ ರಿಪೋರ್ಟಲ್ಲಿ ತಿದ್ಕೋತಿದಾರೆ. ಮೂರು ಕಡೆ ಕೆಂಪು ಗೆರೆ, ಮೂಲೆ ಮಡಿಸಿರೋ ಹಾಳೆಗಳು, ಅರ್ಧ ಪುಸ್ತಕ ತುಂಬಿದೆ. "ಯಾಕಪ್ಪ ಹೇಳಲಿಲ್ಲ?" ಅಂದ್ರೆ "ಕಂಪ್ಯೂಟ್ರು ಹಂಗೇ ಅಂತ ಅಂದ್ಕೊಂಡಿದ್ವಿ ಸಾ" ಅಂದ.

5:30 ಅಂದ ತಕ್ಷಣ ಕಾರಣ ಗೊತ್ತಾಯ್ತು, ಕೋಡ್ ತೆಗೆಯೋದೂ ಬೇಕಿರ್ಲಿಲ್ಲ. ಜಾವಾಸ್ಕ್ರಿಪ್ಟಲ್ಲಿ ತಾರೀಕು, ಸಮಯನ ಅಕ್ಷರದಲ್ಲಿ ಕೊಡೋ ಟುಐಎಸ್ಓಸ್ಟ್ರಿಂಗ್ ಕರೆದು ಮೊದಲ 10 ಅಕ್ಷರ ಕತ್ತರಿಸಿ ತಾರೀಕು ಮಾಡಿದ್ದೆ. ಅದು ಕೊಡೋದು ಯುಟಿಸಿ ಅನ್ನೋ ಜಾಗತಿಕ ಸಮಯ, ನಮ್ಮದು ಐದೂವರೆ ಗಂಟೆ ಮುಂದೆ. ನಮ್ಮ ರಾತ್ರಿ 12:40 ಅಲ್ಲಿ ಹಿಂದಿನ ದಿನದ ಸಂಜೆ 7:10. ಆಫೀಸಲ್ಲಿ ನಾವು ಕೂರೋದು ಬೆಳಗ್ಗೆ 10ರಿಂದ ಸಂಜೆ 7, ಆ ಐದೂವರೆ ಗಂಟೆಯಲ್ಲಿ ಯಾರೂ ಆ ಪೇಜ್ ತೆಗೆದೇ ಇಲ್ಲ, ಟೆಸ್ಟಿಂಗ್ ಶೀಟಲ್ಲಿ ಮಾತ್ರ ಎಲ್ಲ ಹಸಿರು. ಇದು ಬೇರೆ ಯಾರದೋ ಹಳೇ ಕೋಡಲ್ಲ, ನಾನೇ ಬರೆದಿದ್ದು. ಬ್ರೌಸರ್‌ನಿಂದ ತಾರೀಕು ಕಳಿಸೋದನ್ನೇ ನಿಲ್ಲಿಸಿ, ಸರ್ವರಲ್ಲಿ ಭಾರತದ ಸಮಯದ ಪ್ರಕಾರ ಹಾಕೋ ಹಾಗೆ ಬದಲಾಯಿಸಿದೆ. ಹಳೇ ಟೋಕನ್ನುಗಳನ್ನ ಆ ನೋಟ್‌ಬುಕ್ ಇಟ್ಕೊಂಡೇ ಒಂದೊಂದಾಗಿ ತಾಳೆ ನೋಡಿದ್ವಿ, ಮೂರು ದಿನ ಹಿಡೀತು. ಆ ಹುಡುಗನ ಬರವಣಿಗೇಲಿ ಒಂದು ತಪ್ಪೂ ಸಿಗಲಿಲ್ಲ.

ಸೋಮವಾರ ಮೀಟಿಂಗಲ್ಲಿ ಎರಡು ಕೇಳಿದೆ. ಸೀಸನ್ ಮುಗಿಯೋವರೆಗೂ ಶುಕ್ರವಾರ ರಿಲೀಸ್ ಬೇಡ, ಮತ್ತೆ ಟೆಸ್ಟಿಂಗಿಗೆ ಆಫೀಸಲ್ಲಿ ಒಂದು ಇಂಡಿಕೇಟರ್ ಬೇಕು. ಮೊದಲನೇದಕ್ಕೆ ಒಪ್ಪಿದ್ರು. ಎರಡನೇದಕ್ಕೆ ಬಜೆಟ್ ಇಲ್ಲ ಅಂದ್ರು, ಆಮೇಲೂ ಎರಡು ಸಲ ಕೇಳಿದೀನಿ, ಅದೇ ಉತ್ತರ. ಹಾಗಾಗಿ ಕಾರ್ಖಾನೆಗೆ ಇನ್ನೊಂದ್ಸಲ ಹೋಗಿ, ಇಂಡಿಕೇಟರ್ ಕಳಿಸೋ ಡೇಟಾನ ಒಂದು ಪೂರ್ತಿ ದಿನ ಫೈಲಿಗೆ ರೆಕಾರ್ಡ್ ಮಾಡ್ಕೊಂಡು ಬಂದೆ, ಮೂರು ಶಿಫ್ಟ್ ಬದಲಾವಣೆನೂ ಅದರೊಳಗಿದೆ. ಈಗ ಹೊಸ ಬಿಲ್ಡ್ ಬಂದಾಗೆಲ್ಲ ವರ್ಚುವಲ್ ಪೋರ್ಟ್ ಮೂಲಕ ಆ ಫೈಲನ್ನ ಅದೇ ವೇಗದಲ್ಲಿ ಸುರಿಸ್ತಾ, ನಡುವೆ ಲಾಗೌಟ್ ಒತ್ತಿ ನೋಡ್ತೀವಿ, ಕಂಪ್ಯೂಟರ್ ಗಡಿಯಾರ ರಾತ್ರಿ 12:40ಕ್ಕೆ ಇಟ್ಟು ಟೋಕನ್ ಹಾಕಿ ನೋಡ್ತೀವಿ. ಬಿಲ್ಡ್ ಕಳಿಸೋ ಮುಂಚೆ ಅಣ್ಣನಿಗೊಂದು ಫೋನ್ ಮಾಡ್ತೀನಿ.