ಮಂಡಕ್ಕಿ ತಟ್ಟೆ ಕಲಿಸಿದ ಕ್ಯಾಮೆರಾ ನಟನೆ

ನನ್ನ ಮೊದಲ ಸೀರಿಯಲ್‌ನಲ್ಲಿ ನನಗೆ ಸಿಕ್ಕ ಮೊದಲ ದೊಡ್ಡ ಸೀನು ಇಷ್ಟು: ಅಡುಗೆಮನೆಯ ಕಟ್ಟೆ ಮೇಲೆ ಕೂತು, ಮಂಡಕ್ಕಿ ತಿನ್ನುತ್ತ, ತಂಗಿಯ ಮದುವೆ ವಿಷಯಕ್ಕೆ ಅವಳ ಜೊತೆ ಜಗಳ ಆಡಬೇಕು. ದಾವಣಗೆರೆಯಲ್ಲಿ ಹುಟ್ಟಿದವನಿಗೆ ಮಂಡಕ್ಕಿ ತಿನ್ನಲು ಯಾರೂ ಹೇಳಿಕೊಡಬೇಕಿಲ್ಲ. ಮಾಸ್ಟರ್ ಶಾಟ್, ಅಂದರೆ ಇಡೀ ಸೀನು ಒಟ್ಟಿಗೆ ಕಾಣುವ ಶಾಟ್, ಒಂದೇ ಟೇಕಿಗೆ ಓಕೆ ಆಯಿತು. ಡೈರೆಕ್ಟರ್ ಬೆನ್ನು ತಟ್ಟಿದರು.

ಆಮೇಲೆ ಸಜೆಷನ್ ಶಾಟ್, ಅಂದರೆ ತಂಗಿಯ ಭುಜದ ಹಿಂದಿನಿಂದ ನನ್ನ ಮುಖ. ಅರ್ಧಕ್ಕೇ ಕಟ್. ಕಂಟಿನ್ಯುಟಿ, ಅಂದರೆ ಒಂದು ಶಾಟ್‌ನಲ್ಲಿ ಇದ್ದದ್ದು ಇನ್ನೊಂದರಲ್ಲೂ ಹಾಗೇ ಇರಲಿ ಅಂತ ಬರೆದಿಡುತ್ತಿದ್ದ ಹುಡುಗ ಬಂದು, ‘ಸರ್, ಮಾಸ್ಟರ್‌ನಲ್ಲಿ ‘ಅಪ್ಪನಿಗೆ’ ಅನ್ನೋವಾಗ ನಿಮ್ಮ ಕೈ ಬಾಯಿ ಹತ್ರ ಇತ್ತು, ಈಗ ತಟ್ಟೆಯಲ್ಲಿದೆ’ ಅಂದ. ಸರಿ ಮಾಡಿಕೊಂಡೆ. ಮುಂದಿನ ಟೇಕಿನಲ್ಲಿ ಕೈ ನೆನಪಾಯಿತು, ಮಾತು ಮರೆಯಿತು. ಅದರ ಮುಂದಿನದರಲ್ಲಿ ಎರಡೂ ಸರಿ ಇತ್ತು, ಆದರೆ ಬಾಯಲ್ಲಿ ಮಂಡಕ್ಕಿ ತುಂಬಿ ‘ಮದುವೆ’ ಅನ್ನುವ ಪದವೇ ಕೇಳಲಿಲ್ಲ. ಹದಿನಾಲ್ಕು ಟೇಕ್ ಆಯಿತು. ಅಷ್ಟರಲ್ಲಿ ಬಾಯಿ ಒಣಗಿ, ಖಾರ ಗಂಟಲಿಗೆ ಹತ್ತಿ, ತಂಗಿ ಪಾತ್ರದ ಹುಡುಗಿ ಅದೇ ಅಳುವನ್ನು ಹದಿನಾಲ್ಕು ಸಲ ಅತ್ತು ಸುಸ್ತಾಗಿದ್ದಳು. ಅವಳ ಕ್ಲೋಸಪ್ ಇನ್ನೂ ಬಾಕಿ ಇತ್ತು. ಅವಳ ಶಕ್ತಿಯನ್ನು ನಾನು ಖರ್ಚು ಮಾಡಿಬಿಟ್ಟಿದ್ದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಊಟದ ಬಿಡುವಿನಲ್ಲಿ ತಾಯಿ ಪಾತ್ರ ಮಾಡುತ್ತಿದ್ದ ಹಿರಿಯ ಕಲಾವಿದೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು: ‘ಯಾವ ಮಾತಿಗೆ ಕೈ ಎತ್ತಬೇಕು ಅನ್ನೋದು ಕೈಗೇ ಗೊತ್ತಿರಬೇಕು ಮಗಾ. ಆಗ ನಿನ್ನ ಕಿವಿ ಎದುರಿಗಿರೋರ ಮಾತು ಕೇಳುತ್ತೆ. ಈಗ ನೀನು ಕೇಳ್ತಾನೇ ಇಲ್ಲ, ಕೈ ಕಾಯ್ತಾ ಕೂತಿದೀಯ.’

ನಾನು ತರಬೇತಿ ಇಲ್ಲದೆ ಹೋದವನಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಶಾಲೆಯಲ್ಲಿ ಕಲಿತೆ. 1997ರಿಂದ ಊರೂರು ಸುತ್ತುತ್ತಿರುವ ಅಲ್ಲಿನ ನಾಟಕ ತಂಡ ಶಿವಸಂಚಾರದ ಜೊತೆ ತಿರುಗಾಟಕ್ಕೂ ಹೋದೆ. ವ್ಯಾನಿನಿಂದ ಸೆಟ್ ಇಳಿಸಿ, ಲೈಟ್ ಕಟ್ಟಿ, ತಲೆಗೆ ನೀರು ಸುರಿದುಕೊಂಡು ಮೇಕಪ್ಪಿಗೆ ಕೂರುವುದು, ನಾಟಕ ಮುಗಿದ ಮೇಲೆ ಮತ್ತೆ ಎಲ್ಲ ಮಡಚಿ ವ್ಯಾನಿಗೆ ಏರಿಸುವುದು. ಶಿಸ್ತು, ಉಸಿರು, ಇಡೀ ನಾಟಕ ಬಾಯಿಪಾಠ ಇರುವ ಧೈರ್ಯ ಅಲ್ಲಿಂದ ಬಂತು. ನಮ್ಮೂರು ದಾವಣಗೆರೆಯಲ್ಲಿ ರಂಗಭೂಮಿಯ ಗಾಳಿ ಮೊದಲಿನಿಂದಲೂ ಇದೆ. ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೂ ಮಾತು ಮುಟ್ಟಬೇಕು ಅನ್ನುವುದು ನಮಗೆ ರಕ್ತದಲ್ಲೇ ಬಂದಿದೆ. ಆದರೆ ಕ್ಯಾಮೆರಾ ಮುಂದೆ ಕೊನೆಯ ಸಾಲು ಅಂತ ಇಲ್ಲ. ಲೆನ್ಸು ನಿಮ್ಮ ಕಣ್ಣಿನ ಹತ್ತಿರವೇ ಬಂದು ಕೂರುತ್ತದೆ. ನಾಟಕದಲ್ಲಿ ಒಂದು ರಾತ್ರಿಗೆ ಒಂದೇ ಸಲ ಅಳುತ್ತೇವೆ, ಅದೂ ಕತೆ ಅಲ್ಲಿಗೆ ತಲುಪಿದಾಗ. ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕ್ಲೈಮ್ಯಾಕ್ಸಿನ ಅಳು, ಮಧ್ಯಾಹ್ನ ಕತೆಯ ಮೊದಲ ದಿನದ ನಗು.

ಆ ಸೀರಿಯಲ್ ಮುಗಿಸಿ ಊರಿಗೆ ಬಂದಾಗ ಒಂದು ಕೆಲಸ ಶುರು ಮಾಡಿದೆ. ಅಂಗಡಿಯಿಂದ ಮಂಡಕ್ಕಿ ಕಟ್ಟಿಸಿಕೊಂಡು ಬಂದು, ಫೋನನ್ನು ಕಿಟಕಿಗೆ ಒರಗಿಸಿ, ಅದೇ ಸೀನನ್ನು ದಿನಾ ಮಾಡಿದೆ. ಮೊದಲು ಪೂರ್ತಿ ಮೈ ಕಾಣುವ ಹಾಗೆ, ಆಮೇಲೆ ಎದೆಯವರೆಗೆ, ಆಮೇಲೆ ಮುಖ ಮಾತ್ರ. ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಕೈ ಎಲ್ಲಿ, ಯಾವ ಪದಕ್ಕೆ, ಎಷ್ಟು ಎತ್ತರ. ಹಾಗೆ ಗೊತ್ತಾದ ಸಂಗತಿಗಳು ತೀರಾ ಸಣ್ಣವು. ದೊಡ್ಡ ತುತ್ತು ಬೇಡ, ನಾಲ್ಕು ಕಾಳು ಸಾಕು. ಎದುರಿನವರು ಮಾತಾಡುವಾಗ ಅಗಿಯಬಾರದು, ಸಿಂಕ್ ಸೌಂಡ್ ಇದ್ದರೆ, ಅಂದರೆ ಸೆಟ್‌ನಲ್ಲೇ ಮಾತು ರೆಕಾರ್ಡ್ ಆಗುತ್ತಿದ್ದರೆ, ಆ ಕರಕರ ಸದ್ದು ಅವರ ಮಾತಿನ ಮೇಲೆ ಕೂರುತ್ತದೆ. ಮಾಸ್ಟರ್‌ನಲ್ಲಿ ಏನು ಮಾಡುತ್ತೇವೋ ಅದನ್ನು ದಿನವಿಡೀ ಮಾಡಬೇಕಾಗುತ್ತದೆ, ಹಾಗಾಗಿ ಮಾಸ್ಟರ್‌ಗೆ ಮುಂಚೆಯೇ ನಿರ್ಧರಿಸಿಕೊಳ್ಳಬೇಕು. ‘ಸರ್, ಫ್ರೇಮ್ ಎಲ್ಲಿವರೆಗೆ?’ ಅಂತ ಕ್ಯಾಮೆರಾಮನ್‌ಗೆ ಕೇಳುವುದರಲ್ಲಿ ಸಂಕೋಚ ಬೇಡ. ಕತ್ತಿನವರೆಗೆ ಮಾತ್ರ ಅಂದರೆ ಮೇಲೆತ್ತಿದ ಕೈ ಚೌಕಟ್ಟಿನ ಅಂಚಿನಲ್ಲಿ ಏನೋ ಹಾರಿದ ಹಾಗೆ ಕಾಣುತ್ತದೆ.

ಎರಡು ತಿಂಗಳು ಇದನ್ನೇ ಮಾಡಿದ ಮೇಲೆ ಆ ತಾಯಿ ಹೇಳಿದ್ದು ಅರ್ಥವಾಯಿತು. ಕೈ ತನ್ನ ಪಾಡಿಗೆ ತಾನು ಹೋಗತೊಡಗಿದ ದಿನ, ಎದುರಿನ ಮಾತು ಮೊದಲ ಸಲ ಕೇಳಿದಂತೆ ಕೇಳಿಸಿತು. ಮುಖದಲ್ಲಿ ನಾನು ಏನೂ ‘ಮಾಡಿರಲಿಲ್ಲ’. ಆದರೂ ಫೋನಿನಲ್ಲಿ ನೋಡಿದರೆ ಎಲ್ಲ ಇತ್ತು.

ಸೀರಿಯಲ್‌ನಲ್ಲಿ ಹೀಗೆ ಎದುರಿನವರ ಮಾತು ಕೇಳುವುದಕ್ಕೆ ಇನ್ನೊಂದು ಶತ್ರು ಇದೆ, ಪ್ರಾಂಪ್ಟಿಂಗ್. ಎಷ್ಟೋ ಕಡೆ ಡೈಲಾಗ್ ಕೈಗೆ ಬರುವುದೇ ಸೆಟ್‌ನಲ್ಲಿ. ಪಕ್ಕದಿಂದ ಒಬ್ಬರು ಓದುತ್ತಾರೆ, ನಾವು ಹಿಡಿದು ಹೇಳುತ್ತೇವೆ. ದಿನಕ್ಕೆ ಒಂದು ಸಂಚಿಕೆಯಷ್ಟು ಮುಗಿಸಬೇಕಾದ ಕಡೆ ಬೇರೆ ದಾರಿ ಇರುವುದಿಲ್ಲ, ಅದನ್ನು ತಪ್ಪು ಅನ್ನಲಾರೆ. ಆದರೆ ಕಿವಿ ಪ್ರಾಂಪ್ಟರ್ ಕಡೆ ಹೋದರೆ ಕಣ್ಣೂ ಅರೆಗಳಿಗೆ ಆ ಕಡೆ ಸರಿಯುತ್ತದೆ. ಕ್ಲೋಸಪ್‌ನಲ್ಲಿ ಅದು ಸುಳ್ಳು ಹೇಳುವವನ ಕಣ್ಣಿನ ಹಾಗೆ ಕಾಣುತ್ತದೆ. ಮೇಕಪ್ ಕುರ್ಚಿಯಲ್ಲಿ ಕೂತಾಗಲೇ ಸೀನ್ ಪೇಪರ್ ಕೇಳಿ ತೆಗೆದುಕೊಳ್ಳುವುದನ್ನು ನಾನು ಬಿಟ್ಟಿಲ್ಲ.

ದುಡ್ಡಿನ ವಿಷಯ ಹೇಳಲೇಬೇಕು. ಶುರುವಿನಲ್ಲಿ ಒಬ್ಬರಿಗೆ ಇಪ್ಪತ್ತೈದು ಸಾವಿರ ಕೊಟ್ಟಿದ್ದೆ. ಪೋರ್ಟ್‌ಫೋಲಿಯೋ, ತರಬೇತಿ, ಆಮೇಲೆ ‘ಖಂಡಿತ ಚಾನ್ಸ್’. ಫೋಟೋ ಬಂತು, ಚಾನ್ಸ್ ಬರಲಿಲ್ಲ. ಅದು ಅಮ್ಮನ ಸಂಘದ ಸಾಲದ ದುಡ್ಡು. ಪಾತ್ರ ಕೊಡುವವರು ನಟನಿಗೆ ದುಡ್ಡು ಕೊಡುತ್ತಾರೆ, ನಟನಿಂದ ಕೇಳುವುದಿಲ್ಲ. ಕಲಿಸುವವರಿಗೆ ಫೀಸು ಕೊಡಿ, ಅದು ನ್ಯಾಯ. ಅವಕಾಶಕ್ಕೆ ಅಂತ ಕೇಳಿದರೆ ಎದ್ದು ಬನ್ನಿ. ಪಾತ್ರ ಸಿಕ್ಕ ಮೇಲೂ ಪೇಮೆಂಟ್ ದಿನದ ಲೆಕ್ಕ, ಕೈಗೆ ಬರುವುದು ತಿಂಗಳುಗಳ ನಂತರ. ಮದುವೆ ಆಗಿ ತಂಗಿ ಗಂಡನ ಊರಿಗೆ ಹೋದಳು ಅಂತ ಕತೆ ತಿರುಗಿದರೆ ನನ್ನ ಪಾತ್ರವೂ ಹೋಯಿತು. ಡಬ್ಬಿಂಗ್ ಕಲಿತದ್ದು, ಶಾಲೆಗಳಲ್ಲಿ ನಾಟಕ ಮಾಡಿಸುವುದನ್ನು ಉಳಿಸಿಕೊಂಡದ್ದು ಮನೆ ಬಾಡಿಗೆಗೆ ಆಸರೆಯಾಯಿತು.

ಈಗ ಆಡಿಷನ್‌ಗೆ ಪ್ರತಿ ಸಲ ಬೆಂಗಳೂರಿನ ರೈಲು ಹತ್ತಬೇಕಿಲ್ಲ. ಮನೆಯಿಂದಲೇ ವಿಡಿಯೋ ಕಳಿಸಬಹುದು. ಹಿಂದೆ ಏನೂ ಇಲ್ಲದ ಸಾದಾ ಗೋಡೆ, ಮುಖಕ್ಕೆ ಕಿಟಕಿ ಬೆಳಕು, ಫಿಲ್ಟರ್ ಬೇಡ. ಹೆಸರು, ಎತ್ತರ, ಬರುವ ಭಾಷೆಗಳು, ಎಡ ಬಲ ಮುಖ. ಎದುರಿನ ಪಾತ್ರದ ಮಾತನ್ನು ಯಾರಾದರೂ ಲೆನ್ಸಿನ ಪಕ್ಕದಲ್ಲೇ ನಿಂತು ಓದಲಿ. ನಮ್ಮ ಕಡೆಯ ಮಾತನ್ನು ಮುಚ್ಚಿಡಬೇಡಿ. ‘ಹಂಗಲ್ಲಪ, ಯಾಕ್ ಹಿಂಗ್ ಮಾಡ್ತೀಯ’ ಅನ್ನುವ ನಮ್ಮ ಧಾಟಿಗಾಗಿಯೇ ನನಗೆ ಎರಡು ಪಾತ್ರ ಸಿಕ್ಕಿವೆ. ಅದರ ಜೊತೆಗೆ ಮೈಸೂರು ಕಡೆಯ ಮಾತೂ ನಾಲಿಗೆಗೆ ಬರಲಿ.

ಹೋದ ತಿಂಗಳು ಚಿತ್ರದುರ್ಗದ ಒಬ್ಬ ಹುಡುಗ ಸಿಕ್ಕ. ಬಿ.ಎ. ಓದುತ್ತಿದ್ದಾನೆ. ‘ಅಣ್ಣ, ಬೆಂಗಳೂರಿಗೆ ಯಾವಾಗ ಹೋಗ್ಲಿ?’ ಅಂದ. ಮೊದಲು ಮಂಡಕ್ಕಿ ಸೀನು ಮಾಡಿ ಕಳಿಸು ಅಂದೆ. ಮೊದಲನೆಯ ವಿಡಿಯೋದಲ್ಲಿ ಸುಮ್ಮನೆ ತಿಂದಿದ್ದ. ಐದನೆಯದೂ ಹಾಗೇ. ಮೊನ್ನೆ ರಾತ್ರಿ ಒಂಬತ್ತನೆಯದು ಬಂತು. ಅವನ ತಂಗಿ ಫೋನಿನ ಹಿಂದೆ ನಿಂತು ಓದುತ್ತಿದ್ದಳು. ‘ನಾನು ಆಗಲೇ ಒಪ್ಪಿಕೊಂಡೆ ಅಣ್ಣ’ ಅಂತ ಅವಳು ಓದಿದಾಗ, ಇವನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತುಹೋಯಿತು. ಎರಡು ಕಾಳು ಬೆರಳ ಸಂದಿಯಿಂದ ಜಾರಿ ಬಿದ್ದವು. ಅವನು ಅದನ್ನು ನೋಡಲೂ ಇಲ್ಲ.

ತಕ್ಷಣ ಫೋನ್ ಮಾಡಿದೆ. ‘ಚೆನ್ನಾಗಿದೆ ಕಣೋ. ಈಗ ಅದನ್ನೇ ಇನ್ನೊಂದು ಸಲ ಮಾಡು, ಮುಖ ಮಾತ್ರ ಇಟ್ಟು.’