ಒಂದೇ ಗ್ರಿಲ್ ಇದ್ದರೆ ನನ್ನ ಮತ ಅವರೆಗೆ

ಬಾಲ್ಕನಿಯಲ್ಲಿ ಬಿಸಿಲು ಬೀಳುವ ಗ್ರಿಲ್ ಒಂದೇ ಇದ್ದರೆ ಅಲ್ಲಿ ಚಪ್ಪರದವರೆ ಹಬ್ಬಿಸಿ. ಶಂಖಪುಷ್ಪ ಎಷ್ಟೇ ಚೆಂದವಿರಲಿ, ಅದರ ಸರದಿ ಆಮೇಲೆ. ಪುಣೆಯ ವಾಕಡದಲ್ಲಿ ಹೊಸದಾಗಿ ಮನೆ ತೆಗೆದುಕೊಂಡಿರುವ ನಮ್ಮ ಚಿಕ್ಕಪ್ಪನ ಮಗಳು ಫೋನ್ ಮಾಡಿ, "ಅಕ್ಕ, ಎರಡರಲ್ಲಿ ಯಾವುದು ಹಾಕಲಿ? ನಮ್ಮ ಮನೆಗೆ ಬಿಸಿಲು ಬರುವುದೇ ಒಂದು ಕಡೆ" ಎಂದು ಕೇಳಿದಾಗ ಇಷ್ಟೇ ಹೇಳಿದ್ದೆ. ಕಾರಣ ಹೇಳದೆ ತೀರ್ಪು ಕೊಡುವುದು ಸರಿಯಲ್ಲ. ಅದೇ ಊರಿನ ಕೊಥ್ರೂಡಿನ ಈ ಬಾಲ್ಕನಿಯಲ್ಲಿ ಎರಡನ್ನೂ ವರ್ಷಗಳಿಂದ ಬೆಳೆಸುತ್ತಾ ಬಂದಿದ್ದೇನೆ, ಎರಡರ ಮೇಲೂ ಪ್ರೀತಿಯಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಒಂದು ಹೂವಿನ ಬಳ್ಳಿ, ಇನ್ನೊಂದು ತರಕಾರಿ ಬಳ್ಳಿ ಎಂದು ಜನ ಬೇರೆ ಬೇರೆಯಾಗಿ ನೋಡುತ್ತಾರೆ. ಆದರೆ ಎರಡೂ ಒಂದೇ ಸಸ್ಯ ಕುಟುಂಬದವು, ಬಟಾಣಿ, ತೊಗರಿ, ಹೆಸರಿನ ಬಳಗ. ಬೇಸಿಗೆಯ ಹೊತ್ತಿಗೆ ಹಳೆಯ ಬಳ್ಳಿ ಕಿತ್ತಾಗ ಬೇರನ್ನು ನೀರಿನಲ್ಲಿ ಅಲುಗಿಸಿ ನೋಡಿ. ಸಾಸಿವೆ ಗಾತ್ರದಿಂದ ಕೊತ್ತಂಬರಿ ಬೀಜದ ಗಾತ್ರದವರೆಗಿನ ಗಂಟುಗಳು ಅಂಟಿಕೊಂಡಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ತಿಳಿಗೆಂಪು ಬಣ್ಣ ಕಾಣುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಸಂಬಂಧಿಯಾದ ವಸ್ತುವೊಂದರ ಬಣ್ಣ ಅದು. ಅಲ್ಲಿ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿದ್ದವು ಎನ್ನುವುದಕ್ಕೆ ಗುರುತು. ಆದ್ದರಿಂದ ಎರಡಕ್ಕೂ ಯೂರಿಯಾ ಬೇಡ. ಹಾಕಿದರೆ ಎಲೆ ದಟ್ಟವಾಗುತ್ತದೆ, ಹೂವು ಹಿಂದೆ ಬೀಳುತ್ತದೆ. ಕೆಂಪು ಮಣ್ಣು, ಎರೆಗೊಬ್ಬರ, ಸ್ವಲ್ಪ ಕೋಕೋಪೀಟ್ ಸಾಕು.

ಶಂಖಪುಷ್ಪದ ವಿಷಯದಲ್ಲಿ ನಾನು ಮೆಚ್ಚುವುದು ಅದರ ಉದಾರತನವನ್ನು. ಇಲ್ಲಿನ ನರ್ಸರಿಗಳಲ್ಲಿ ಗೋಕರ್ಣ ಎಂದು ಕೇಳಿದರೆ ತಕ್ಷಣ ಕೊಡುತ್ತಾರೆ. ಬೀಜದ ಸಿಪ್ಪೆ ಗಟ್ಟಿ. ನೇಲ್ ಕಟ್ಟರ್‌ನಿಂದ ಒಂದು ಅಂಚನ್ನು ಕೊಂಚ ಚಿವುಟಿ ರಾತ್ರಿಯಿಡೀ ನೆನೆಸಿ ಹಾಕಿದರೆ ಬೇಗ ಮೊಳೆಯುತ್ತದೆ. ಸುಮಾರು ಎರಡು ತಿಂಗಳಲ್ಲಿ ಹೂ ಶುರು. ಆಮೇಲೆ ಪುಣೆಯ ಚಳಿ ಬಿಗಿಯುವವರೆಗೂ ನಿಲ್ಲುವುದಿಲ್ಲ. ಬೆಳಿಗ್ಗೆ ಪೂಜೆಗೆ ಹೂ ಬೇಕೆನ್ನುವ ಮನೆಗೆ ಇದಕ್ಕಿಂತ ನಂಬಿಗಸ್ತ ಬಳ್ಳಿ ನಾನು ಕಂಡಿಲ್ಲ.

ಹೂವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ನೋಡಬೇಕು. ಬಟಾಣಿ ಅಥವಾ ಅವರೆ ಹೂವಿನಲ್ಲಿ ದೊಡ್ಡ ಎಸಳು ಮೇಲೆ ನಿಂತಿರುತ್ತದೆ, ಪುಟ್ಟ ಎಸಳುಗಳು ಅದರ ಕೆಳಗೆ. ಶಂಖಪುಷ್ಪ ತಲೆಕೆಳಗಾದ ಹೂವು. ಅಗಲವಾದ ನೀಲಿ ಎಸಳು ಕೆಳಗೆ ಹಾಸಿಕೊಂಡಿರುತ್ತದೆ, ನಡುವೆ ಹಳದಿ ಬೆರೆತ ಬಿಳಿ ಮಚ್ಚೆ, ಪರಾಗ ಇರುವ ಭಾಗ ಮೇಲ್ಗಡೆ. ಒಳಗೆ ನುಗ್ಗುವ ಜೇನಿನ ಹೊಟ್ಟೆಗಲ್ಲ, ಬೆನ್ನಿಗೆ ಪರಾಗ ಅಂಟುತ್ತದೆ. ಎಸಳಿನ ನೀಲಿಗೆ ಕಾರಣವಾದ ಬಣ್ಣಗಳಿಗೆ ಟರ್ನಾಟಿನ್ ಎಂದು ಹೆಸರು. ನಾಲ್ಕೈದು ಹೂಗಳನ್ನು ಬಿಸಿನೀರಿಗೆ ಹಾಕಿದರೆ ಲೋಟ ಕಡುನೀಲಿಯಾಗುತ್ತದೆ, ನಿಂಬೆರಸ ಹಿಂಡಿದರೆ ನೇರಳೆಗೆ ತಿರುಗುತ್ತದೆ, ಅಡುಗೆ ಸೋಡಾ ಹಾಕಿದರೆ ಹಸಿರಿನ ಕಡೆಗೆ ವಾಲುತ್ತದೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಆಮ್ಲ, ಕ್ಷಾರದ ಪಾಠಕ್ಕೆ ಬೇರೇನೂ ಬೇಡ.

ಆದರೂ ಹೂವು ಬಾಳುವುದು ಒಂದೇ ದಿನ. ಪರಿಮಳ ಇಲ್ಲವೇ ಇಲ್ಲ. ಕಾಯಿಗಳನ್ನು ಆಗಾಗ ಚಿವುಟದಿದ್ದರೆ ಬಳ್ಳಿ ಬೀಜ ಕಟ್ಟುವುದರಲ್ಲೇ ಮಗ್ನವಾಗಿ ಹೂವು ಕಡಿಮೆಯಾಗುತ್ತದೆ.

ಚಪ್ಪರದವರೆಯ ಸ್ವಭಾವವೇ ಬೇರೆ, ಅದು ಕಾಯಿಸುತ್ತದೆ. ಆಷಾಢದ ಮಳೆಗೆ ಬಿತ್ತಿದರೆ ಶ್ರಾವಣ, ಭಾದ್ರಪದ ಪೂರ್ತಿ ಬರೀ ಎಲೆ. ಮೂರು ಮೂರು ಎಲೆಗಳ ಗುಂಪು ಗ್ರಿಲ್ ತುಂಬಾ ಹಬ್ಬಿ ಅಡುಗೆಮನೆಗೆ ಬೆಳಕೇ ಕಡಿಮೆಯಾಗುತ್ತದೆ. ಈ ಹಂತದಲ್ಲಿ ಎಷ್ಟೋ ಜನ ಬೇಸತ್ತು ಬಳ್ಳಿ ಕಿತ್ತು ಹಾಕುವುದನ್ನು ನಮ್ಮ ಸೊಸೈಟಿಯಲ್ಲೇ ನೋಡಿದ್ದೇನೆ, ಸಂಕಟವಾಗುತ್ತದೆ. ನಮ್ಮ ಹಳೆಯ ನಾಟಿ ತಳಿಗಳು ಹಗಲಿನ ಉದ್ದವನ್ನು ಅಳೆದು ಹೂ ಬಿಡುತ್ತವೆ. ಪುಣೆಯಲ್ಲಿ ಜೂನ್ ಕೊನೆಯ ಹಗಲು 13 ಗಂಟೆಗೂ ಸ್ವಲ್ಪ ಹೆಚ್ಚು, ಡಿಸೆಂಬರ್ ಕೊನೆಗೆ ಸುಮಾರು 11 ಗಂಟೆ. ಹಗಲು ಕುಗ್ಗಿ ಇರುಳು ಹಿಗ್ಗಿದ ಮೇಲೆಯೇ ಮೊಗ್ಗು. ನವರಾತ್ರಿಯ ಆಸುಪಾಸಿನಲ್ಲಿ ಎಲೆಯ ಸಂದಿನಿಂದ ನೆಟ್ಟಗಿನ ಕಡ್ಡಿ ಹೊರಡುತ್ತದೆ.

ಇರುಳು ಎಂದರೆ ನಿಜವಾದ ಕತ್ತಲೆಯೇ ಬೇಕು. ನಮ್ಮ ಬಾಲ್ಕನಿಯ ಒಂದು ಮೂಲೆಗೆ ಪಾರ್ಕಿಂಗಿನ ಎಲ್‌ಇಡಿ ದೀಪ ರಾತ್ರಿಯಿಡೀ ಹೊಡೆಯುತ್ತದೆ. ಅದೇ ಬಳ್ಳಿ, ಅದೇ ಕುಂಡ, ಆದರೆ ಕತ್ತಲ ಕಡೆಯ ಕವಲುಗಳಲ್ಲಿ ಕಾಯಿ ಜೋತಾಡುತ್ತಿದ್ದಾಗ ದೀಪದ ಕಡೆಯ ಕವಲುಗಳಲ್ಲಿ ಇನ್ನೂ ಹೂವಿನ ಸುಳಿವಿರಲಿಲ್ಲ. ಈಗ ಆ ಮೂಲೆಗೆ ಹಳೆಯ ಗೋಣಿತಾಟು ಕಟ್ಟುತ್ತೇನೆ. ಶಹರದಲ್ಲಿ ಅವರೆ ಬೆಳೆಸುವವರು ಗೊಬ್ಬರಕ್ಕಿಂತ ಮೊದಲು ಈ ದೀಪದ ವಿಚಾರ ನೋಡಿಕೊಳ್ಳಬೇಕು. ಕಾಯುವ ತಾಳ್ಮೆ ಇಲ್ಲವೆನ್ನುವವರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4 ಇವೆ. ಅವು ಹಗಲಿನ ಉದ್ದಕ್ಕೆ ಕಾಯುವುದಿಲ್ಲ, ಆದರೆ ಅವು ಗಿಡ್ಡ ಪೊದೆಗಳು, ಗ್ರಿಲ್ ಹತ್ತುವುದಿಲ್ಲ.

ಹೂ ಬಿಟ್ಟ ಮೇಲೆ ಮಾತ್ರ ಅವರೆಯ ಮುಂದೆ ಯಾವ ಅಲಂಕಾರದ ಗಿಡವೂ ನಿಲ್ಲದು. ನನ್ನದು ನೇರಳೆ ಕಾಂಡದ ತಳಿ, ಚನ್ನರಾಯಪಟ್ಟಣದ ತವರುಮನೆಯಿಂದ ತಂದ ಬೀಜ. ಕಡ್ಡಿಯ ಬುಡದಿಂದ ತುದಿಯ ಕಡೆಗೆ ಹೂಗಳು ಒಂದೊಂದಾಗಿ ಅರಳುತ್ತಾ ಹೋಗುತ್ತವೆ, ಕೆಳಗೆ ಎಳೆಕಾಯಿ, ನಡುವೆ ಹೂವು, ಮೇಲೆ ಮೊಗ್ಗು, ಮೂರೂ ಒಂದೇ ಗೊಂಚಲಲ್ಲಿ. ಕಾಯಿ ಕೂಡ ಹೊಳೆಯುವ ನೇರಳೆ, ಕುಡುಗೋಲಿನಂತೆ ಬಾಗಿದ್ದು. ದಪ್ಪ ಕರಿದುಂಬಿ ಗುಂಯ್‌ಗುಟ್ಟುತ್ತಾ ಬಂದು ಕೂತರೆ ಅದರ ಭಾರಕ್ಕೆ ಗೊಂಚಲು ಬಾಗುತ್ತದೆ. ಎಳೆಯ ಕಾಯಿ ಮುಟ್ಟಿದ ಬೆರಳಿಗೆ ಸೊಗಡು ಹತ್ತಿ, ಸೋಪಿನಲ್ಲಿ ತೊಳೆದರೂ ಉಳಿಯುತ್ತದೆ. ಅಮೆರಿಕದಲ್ಲಿ ಇದೇ ಗಿಡವನ್ನು ಹಯಸಿಂತ್ ಬೀನ್ ಎಂದು ಬರೀ ಅಂದಕ್ಕಾಗಿ ಕಮಾನುಗಳ ಮೇಲೆ ಹಬ್ಬಿಸುತ್ತಾರೆ, ರೂಬಿ ಮೂನ್ ಎನ್ನುವ ತಳಿಯನ್ನೇ ಮಾರುತ್ತಾರೆ. ಅಂದಮೇಲೆ ಹೂವಿಗೋಸ್ಕರ ಅವರೆಯನ್ನು ಬಿಟ್ಟುಕೊಡುವ ಪ್ರಶ್ನೆಯೇ ಏಳುವುದಿಲ್ಲ.

ತೊಂದರೆ ಇಲ್ಲವೆಂದಲ್ಲ. ಕಪ್ಪು ಹೇನು ಎಳೆ ತುದಿಗಳಿಗೆ ಮುತ್ತುತ್ತದೆ, ಅದರ ಅಂಟು ಸಿಹಿಗೆ ಇರುವೆ ಬರುತ್ತದೆ. ಬೆಳಗಿನ ಹೊತ್ತು ನೀರು ರಭಸವಾಗಿ ಹೊಡೆದರೆ ಬಹುಪಾಲು ಉದುರುತ್ತದೆ, ಉಳಿದದ್ದಕ್ಕೆ ಬೇವಿನ ಎಣ್ಣೆಯನ್ನು ಕೊಂಚ ಸೋಪು ನೀರಿನಲ್ಲಿ ಕಲಸಿ ಸಂಜೆ ಸಿಂಪಡಿಸಿ. ಗುಲಗಂಜಿ ಹುಳು ಕಂಡರೆ ಏನೂ ಸಿಂಪಡಿಸದೆ ಸುಮ್ಮನಿದ್ದುಬಿಡಿ, ಅದೇ ಹೇನು ತಿಂದು ಮುಗಿಸುತ್ತದೆ. ಕಾಯಿ ಕೊಯ್ಯುವಾಗ ಗೊಂಚಲಿನ ಕಡ್ಡಿ ಮುರಿಯಬೇಡಿ, ತುದಿಯಲ್ಲಿ ಹೂವು ಇನ್ನೂ ಬಾಕಿ ಇರುತ್ತದೆ.

ಇನ್ನು ಅಡುಗೆಮನೆ. ಎಳೆಕಾಯಿ ನಾರು ತೆಗೆದು ಹೆಚ್ಚಿ, ಕಾಯಿತುರಿ ಉದುರಿಸಿ ಪಲ್ಯ. ಬಲಿತದ್ದನ್ನು ಬಿಡಿಸಿ ಕಾಳಿನ ಹುಳಿ. ಹೊಲದ ಸೊಗಡವರೆಯ ರುಚಿ ಚಪ್ಪರದವರೆಗೆ ಪೂರ್ತಿ ಬರುವುದಿಲ್ಲ ಎನ್ನುವುದು ನಿಜ, ಆದರೂ ಕೊಥ್ರೂಡಿನಲ್ಲಿ ಕೂತು ಮುದ್ದೆಯ ಜೊತೆ ಉಣ್ಣುವಾಗ ಹಾಸನದ ಚಳಿಗಾಲ ಮನೆಗೆ ಬಂದಂತಾಗುತ್ತದೆ. ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಎದುರುಮನೆಯ ಕಾಕೂ ಅಂದು ಎಳ್ಳು ಹಾಕಿದ ಬೆರಕೆ ಭಾಜಿ, ಸಜ್ಜೆ ಭಾಕರಿ ಮಾಡುತ್ತಾರೆ. ಅದಕ್ಕೆ ಹಸಿ ಕಡಲೆ, ಗಜ್ಜರಿ, ಬದನೆಯ ಜೊತೆ ಪಾವಟಾ, ಅಂದರೆ ನಮ್ಮ ಅವರೆ, ಬೇಕೇ ಬೇಕು. ಬಾಗಿಲಿಗೆ ಬಂದು ನಮ್ಮ ಬಳ್ಳಿಯಿಂದಲೇ ಕೊಯ್ದುಕೊಂಡು ಹೋಗುತ್ತಾರೆ. ಮಾರನೆಯ ದಿನ ನಾನು ಕಬ್ಬು, ಗೆಣಸು, ಕಡಲೆಕಾಯಿ ಜೊತೆ ಅವರೆಕಾಯಿ ಬೇಯಿಸಿ ಎಳ್ಳುಬೆಲ್ಲದ ತಟ್ಟೆಯೊಂದಿಗೆ ಅವರ ಮನೆಗೆ ಕೊಡುತ್ತೇನೆ. ಅವರು ಮೊಳಕೆ ಬಂದ ವಾಲಿನ, ಎಂದರೆ ಒಣ ಅವರೆಕಾಳಿನ, ಸಿಪ್ಪೆಯನ್ನು ಬೆರಳ ತುದಿಯಲ್ಲಿ ಒತ್ತಿ ಜಾರಿಸುವುದನ್ನು ನೋಡಿದರೆ ನಮ್ಮಮ್ಮ ಹಿತಕಿದಬೇಳೆಗೆ ಕೂತ ಹಾಗೆಯೇ ಇರುತ್ತದೆ. ಶಂಖಪುಷ್ಪವನ್ನೂ ಅವರು ಗಣಪತಿಗೆಂದು ಒಯ್ಯುತ್ತಾರೆ, ಆದರೆ ಕೂತು ಮಾತಾಡುವುದು ಅವರೆ ಬಿಡಿಸುವಾಗ.

ಒಂದು ಎಚ್ಚರಿಕೆಯ ಮಾತು. ಒಣಗಿದ ಅವರೆಕಾಳನ್ನು, ಅದರಲ್ಲೂ ಕಪ್ಪು ಬೀಜದ ಅಲಂಕಾರದ ತಳಿಗಳನ್ನು, ಹಸಿಯಾಗಿ ಬಾಯಿಗೆ ಹಾಕಬಾರದು. ಅದರಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ. ನೆನೆಸಿ, ಚೆನ್ನಾಗಿ ಬೇಯಿಸಿ, ಬೇಯಿಸಿದ ನೀರು ಚೆಲ್ಲಿ. ಚಿಕ್ಕ ಮಕ್ಕಳ ಕೈಗೆ ಬೀಜ ಸಿಗದಂತೆ ಡಬ್ಬಿಯಲ್ಲಿಡಿ.

ಶಂಖಪುಷ್ಪವನ್ನೇ ಹಾಕಿ ಎಂದು ನಾನು ಹೇಳುವ ಮನೆಗಳೂ ಇವೆ. ಒಂದು ಅಡಿಯ ಕುಂಡಕ್ಕಿಂತ ದೊಡ್ಡದು ಇಡಲು ಜಾಗವಿಲ್ಲದವರು, ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಯಲ್ಲಿ ಇದ್ದು ಸಂಕ್ರಾಂತಿಗೆ ಎಲ್ಲಿರುತ್ತೇವೋ ಗೊತ್ತಿಲ್ಲ ಎನ್ನುವವರು, ದಿನಾ ದೇವರಿಗೆ ಹೂವಿಡುವ ಹಿರಿಯರು ಇರುವ ಮನೆ. ಅವರಿಗೆ ಕಾಯಿಸದ ಬಳ್ಳಿಯೇ ಸರಿ. ತಂಗಿಯ ಮನೆ ಸ್ವಂತದ್ದು, ಗಂಡ ಹೆಂಡತಿ ಇಬ್ಬರೂ ಅವರೆಕಾಯಿಗೆ ಪ್ರಾಣ ಬಿಡುವವರು, ಗ್ರಿಲ್‌ಗೆ ಆರು ಗಂಟೆ ಬಿಸಿಲು. ಅವಳಿಗೆ ಅವರೆಯೇ.

ಅವಳಿಗೆಂದು ಬುಡದ ಕೆಲವು ಕಾಯಿಗಳನ್ನು ಕೊಯ್ಯದೆ ಬಿಟ್ಟು ಕೆಂಪು ದಾರ ಕಟ್ಟಿದ್ದೇನೆ. ಫೆಬ್ರವರಿ ಕೊನೆಗೆ ಕಾಯಿ ಬಳ್ಳಿಯಲ್ಲೇ ಗರಿಗರಿಯಾಗಿ ಒಣಗುತ್ತದೆ. ಪುಣೆಯ ಕನ್ನಡದವರು ಯಾರಿಗಾದರೂ ಬೀಜ ಬೇಕಿದ್ದರೆ ಆಗ ಕೇಳಿ, ಕೊಡುತ್ತೇನೆ. ಬಿತ್ತುವುದು ಮಾತ್ರ ಮೊದಲ ಮಳೆ ಬಂದ ಮೇಲೆ, ಕನಿಷ್ಠ ಒಂದೂವರೆ ಅಡಿ ಆಳದ ಗ್ರೋ ಬ್ಯಾಗಿನಲ್ಲಿ.