ಬ್ರಸೆಲ್ಸ್‌ನ ತಾರೀಕು, ಮಧುಗಿರಿಯ ಬಿತ್ತನೆ

ತುಮಕೂರು ಜಿಲ್ಲೆಯ ಮಿಡಿಸೌತೆ ಸಂಸ್ಕರಣಾ ಘಟಕವೊಂದರಲ್ಲಿ ಗುಣಮಟ್ಟ ಮತ್ತು ರಫ್ತು ದಾಖಲೆಗಳ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯ ರೈತರು ಬೆಳೆದ ಕಾಯಿ ನಮ್ಮಲ್ಲಿಗೆ ಬಂದು, ಗಾತ್ರವಾರು ಬೇರೆಯಾಗಿ, ವಿನೆಗರ್ ಇಲ್ಲವೇ ಉಪ್ಪುನೀರಿನ ಡ್ರಮ್ಮು ಸೇರಿ, ಚೆನ್ನೈ ಬಂದರಿನಿಂದ ಯುರೋಪು, ಅಮೆರಿಕಗಳಿಗೆ ಹೋಗುತ್ತದೆ. ಬೆಳೆಯುವ ಊರಿನಲ್ಲಿ ಇದನ್ನು ತಿನ್ನುವವರು ಇಲ್ಲವೆಂದೇ ಹೇಳಬೇಕು. ತೊಂಬತ್ತರ ದಶಕದಲ್ಲಿ ಒಪ್ಪಂದ ಕೃಷಿಯಾಗಿ ಕರ್ನಾಟಕದಲ್ಲಿ ಬೇರೂರಿದ ಈ ಬೆಳೆಗೆ ಮೊದಲಿನಿಂದಲೂ ಹೊರದೇಶವೇ ಮಾರುಕಟ್ಟೆ. ಆ ಮಾರುಕಟ್ಟೆಯಲ್ಲಿ ನಾವು ವಿದೇಶಿ ಕಂಪನಿ. ಅಲ್ಲಿನ ಕಾನೂನು ಬದಲಾದರೆ ಅದರ ಪೆಟ್ಟು ಅರ್ಧ ಎಕರೆ, ಒಂದು ಎಕರೆ ಸೌತೆ ಹಾಕಿದ ಮನೆಗೆ ಬೀಳುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳಿಕೊಡುವುದು ಒಂದೇ ವಿಷಯ. ನಿಯಮದ ಜಾರಿ ದಿನಾಂಕವನ್ನು ಕಡತದಲ್ಲಿ ಬರೆದಿಟ್ಟು ಸುಮ್ಮನಾಗಬೇಡಿ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದು ಬಿತ್ತನೆಯ ದಿನಾಂಕ ಯಾವುದೆಂದು ಕಂಡುಕೊಳ್ಳಿ.

ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ ಪ್ರಕರಣವನ್ನೇ ನೋಡೋಣ. ಮಕ್ಕಳ ಮಿದುಳಿನ ಬೆಳವಣಿಗೆಗೆ ಇದರಿಂದ ಅಪಾಯವಿರಬಹುದು, ಸುರಕ್ಷಿತ ಪ್ರಮಾಣ ಇಷ್ಟೇ ಎಂದು ಗೊತ್ತುಮಾಡಲು ಆಗದು ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2019ರ ಆಗಸ್ಟ್‌ನಲ್ಲಿ ಹೇಳಿತು. ಡಿಸೆಂಬರ್‌ನಲ್ಲಿ ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರಗಳು ಮತ ಹಾಕಿದವು. 2020ರ ಜನವರಿಯಲ್ಲಿ ಅದರ ಅನುಮತಿಯನ್ನು ನವೀಕರಿಸುವುದಿಲ್ಲ ಎಂಬ ಆದೇಶ ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸ್‌ನಿಂದ ಬಂತು. ಆದರೆ ಇದು ಅಲ್ಲಿನ ರೈತರು ಔಷಧಿ ಬಳಸುವುದಕ್ಕೆ ಸಂಬಂಧಿಸಿದ ಆದೇಶ. ಹೊರಗಿನಿಂದ ಬರುವ ಆಹಾರದಲ್ಲಿ ಔಷಧಿಯ ಶೇಷಾಂಶ, ಅಂದರೆ ಉಳಿಕೆ, ಎಷ್ಟು ಇರಬಹುದು ಎಂಬ ಮಿತಿಯನ್ನು ಇಳಿಸಿದ ಆದೇಶ ಪ್ರಕಟವಾದದ್ದು ಅದೇ ವರ್ಷದ ಜುಲೈನಲ್ಲಿ. ಜಾರಿಯಾದದ್ದು ನವೆಂಬರ್ 13ರಂದು.

ಜುಲೈಯಿಂದ ನವೆಂಬರ್ ಅಂದರೆ ಹೆಚ್ಚುಕಡಿಮೆ ನಾಲ್ಕು ತಿಂಗಳು. ಕಚೇರಿಯಲ್ಲಿ ಕುಳಿತವರಿಗೆ ಬೇಕಾದಷ್ಟು ಸಮಯ ಎನಿಸುತ್ತದೆ. ಈಗ ಹಿಂದಕ್ಕೆ ಎಣಿಸಿ. ನವೆಂಬರ್ ಮಧ್ಯದಲ್ಲಿ ಹ್ಯಾಂಬರ್ಗ್ ಅಥವಾ ರಾಟರ್‌ಡ್ಯಾಮ್ ತಲುಪಬೇಕಾದ ಕಂಟೈನರ್ ಅಕ್ಟೋಬರ್ ಮೊದಲ ವಾರಕ್ಕೆಲ್ಲ ಚೆನ್ನೈ ಬಿಟ್ಟಿರಬೇಕು. ಅದರಲ್ಲಿರುವ ಡ್ರಮ್ಮು ನಮ್ಮ ಅಂಗಳದಲ್ಲಿ ಮೂರು ನಾಲ್ಕು ತಿಂಗಳು ನಿಂತಿರುವುದು ಸಾಮಾನ್ಯ. ಅಂದರೆ ಕಾಯಿ ತುಂಬಿದ್ದು ಜೂನ್‌ನಲ್ಲಿ. ಬಿತ್ತಿದ ಐದು ವಾರಕ್ಕೆ ಸೌತೆ ಕೊಯ್ಲಿಗೆ ಬರುತ್ತದೆ ಎಂದರೆ ಬೀಜ ಊರಿದ್ದು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ. ಶೇಷಾಂಶದ ಮಿತಿ ಇಳಿದದ್ದು ಗೆಜೆಟ್‌ನಲ್ಲಿ ಅಚ್ಚಾಗುವ ಹೊತ್ತಿಗೆ ಆ ಮಿತಿಗೆ ಒಳಪಡುವ ಕಾಯಿ ಡ್ರಮ್ಮಿನೊಳಗೆ ಕುಳಿತಾಗಿತ್ತು. ಜುಲೈಯಲ್ಲಿ ಎಚ್ಚೆತ್ತವರಿಗೆ ಮಾಡಲು ಏನೂ ಉಳಿದಿರಲಿಲ್ಲ. ಜನವರಿಯ ಆದೇಶವನ್ನು ಓದಿ, ಆಗಲೇ ಹೊಲದ ಔಷಧಿ ಪಟ್ಟಿಯಿಂದ ಆ ಹೆಸರನ್ನು ತೆಗೆದವರು ಉಳಿದುಕೊಂಡರು.

ಕ್ಲೋರೋಥಲೋನಿಲ್ ಎಂಬ ಶಿಲೀಂಧ್ರನಾಶಕದಲ್ಲೂ ಇದೇ ಸಾಲು: 2019ರಲ್ಲಿ ಅನುಮತಿ ಹೋಯಿತು, 2021ರಲ್ಲಿ ಮಿತಿ ಇಳಿಯಿತು. ಅನುಮತಿ ರದ್ದಾಗುವುದು ಮೊದಲ ಎಚ್ಚರಿಕೆಯ ಗಂಟೆ. ಮಿತಿ ಇಳಿಯುವುದು ಎರಡನೆಯದು. ಎರಡನೆಯ ಗಂಟೆಗೆ ಕಾಯುವ ರಫ್ತುದಾರರನ್ನು ನಾನು ಇವತ್ತಿಗೂ ನೋಡುತ್ತೇನೆ. ಅದಕ್ಕೆ ಕಾರಣವೂ ಉಂಟು. ಮೊದಲ ಆದೇಶದಲ್ಲಿ ಸೌತೆಯ ಹೆಸರೇ ಇರುವುದಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಗೆ ಕಳಿಸುವ ಸೂಚನೆಯಲ್ಲಿ ಅದು ರಾಸಾಯನಿಕವೊಂದರ ಸುದ್ದಿಯಾಗಿ, ವ್ಯಾಪಾರದ ತಾಂತ್ರಿಕ ಅಡೆತಡೆಗಳ ವಿಭಾಗದಲ್ಲಿ ಬರುತ್ತದೆ. ಆಹಾರ ಸುರಕ್ಷತೆಯ ವಿಭಾಗದಲ್ಲಿ ಮಾತ್ರ ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ.

ಇಂಥ ಸೂಚನೆಗಳನ್ನು ಮಿಂಚಂಚೆಗೆ ತರಿಸಿಕೊಳ್ಳಲು ‘ಇ-ಪಿಂಗ್’ ಎಂಬ ಉಚಿತ ವ್ಯವಸ್ಥೆ ಇದೆ. ವಿಶ್ವ ವ್ಯಾಪಾರ ಸಂಸ್ಥೆ, ವಿಶ್ವಸಂಸ್ಥೆ ಮತ್ತು ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರ ಸೇರಿ 2016ರಲ್ಲಿ ಶುರುಮಾಡಿದ್ದು. ವಿನೆಗರ್‌ನಲ್ಲಿ ಹಾಕಿದ ಮಿಡಿಸೌತೆ ಸುಂಕ ಇಲಾಖೆಗಳು ಬಳಸುವ ಅಂತರರಾಷ್ಟ್ರೀಯ ಸರಕು ಪಟ್ಟಿಯ 2001ನೇ ಶೀರ್ಷಿಕೆಯಡಿ ಬರುತ್ತದೆ, ಉಪ್ಪುನೀರಿನಲ್ಲಿ ತಾತ್ಕಾಲಿಕವಾಗಿ ಕಾಪಿಟ್ಟದ್ದು 0711ರಡಿ. ಈ ಎರಡನ್ನು ನಮೂದಿಸಿ ಸುಮ್ಮನಾದರೆ ಸಾಲದು. ಕೀಟನಾಶಕಗಳ 3808ನೇ ಶೀರ್ಷಿಕೆಯನ್ನೂ ಸೇರಿಸಿ. ನಿಮ್ಮ ರೈತರು ಬಳಸುವ ಔಷಧಿಗಳ ರಾಸಾಯನಿಕ ಹೆಸರುಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ. ಅಂಗಡಿಯ ಬ್ರಾಂಡ್ ಹೆಸರು ಯುರೋಪಿನ ಯಾವ ಆದೇಶದಲ್ಲೂ ಸಿಗುವುದಿಲ್ಲ. ಹಾಗೆಯೇ ರೈತನ ಬಾಯಲ್ಲಿ ರಾಸಾಯನಿಕದ ಹೆಸರು ಬರುವುದಿಲ್ಲ. ಎರಡನ್ನೂ ಎದುರುಬದುರು ಬರೆದ ಒಂದು ಹಾಳೆ ನಮ್ಮ ಕಚೇರಿಯ ಅತ್ಯಂತ ಬೆಲೆಬಾಳುವ ದಾಖಲೆ ಎಂದು ನಾನು ನಂಬಿದ್ದೇನೆ.

ಕ್ಲೋರ್‌ಪೈರಿಫಾಸ್‌ಗೆ ಬಂದ ಹೊಸ ಮಿತಿ ಎಷ್ಟೆಂಬುದನ್ನೂ ಹೇಳಬೇಕು. ಕಿಲೋಗೆ 0.01 ಮಿಲಿಗ್ರಾಂ. ಅಂದರೆ ನೂರು ಟನ್ ಕಾಯಿಗೆ ಒಂದು ಗ್ರಾಂ. ಇಪ್ಪತ್ತು ಟನ್ ಹಿಡಿಯುವ ಐದು ಕಂಟೈನರ್‌ಗಳಲ್ಲಿ ಒಟ್ಟಾರೆ ಒಂದು ಗ್ರಾಂ ದಾಟಿದರೆ ಸರಕು ತಿರಸ್ಕೃತ. ನಿರ್ದಿಷ್ಟ ಮಿತಿ ಹೇಳದ ಔಷಧಿಗಳಿಗೆಲ್ಲ ಐರೋಪ್ಯ ಒಕ್ಕೂಟದಲ್ಲಿ ಇದೇ ಮಿತಿ. ಜರ್ಮನಿಯ ಕೆಲವು ಸೂಪರ್‌ಮಾರ್ಕೆಟ್‌ಗಳಂತೂ ಕಾನೂನಿನ ಮಿತಿಯ ಮೂರನೇ ಒಂದು ಭಾಗದೊಳಗಿರಬೇಕು ಎಂದು ತಮ್ಮದೇ ಷರತ್ತು ಹಾಕುತ್ತವೆ. ಅಂಥ ಷರತ್ತುಗಳು ಯಾವ ಗೆಜೆಟ್‌ನಲ್ಲೂ ಬರುವುದಿಲ್ಲ, ಖರೀದಿದಾರನ ಕರಾರಿನ ಕೊನೆಯ ಪುಟಗಳಲ್ಲಿರುತ್ತವೆ. ಆ ಪುಟಗಳನ್ನು ಬೆಲೆಯ ಪುಟಕ್ಕಿಂತ ಮೊದಲು ಓದಿ.

ಇಷ್ಟು ಸಣ್ಣ ಅಳತೆ ಹೊಲದಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಕೊಯ್ಲಿಗೆ ಮುಂಚೆ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದ್ದ ಮಾದರಿಯೊಂದರಲ್ಲಿ ಕ್ಲೋರ್‌ಪೈರಿಫಾಸ್ 0.02 ಬಂದಿತ್ತು. ಮಧುಗಿರಿ ತಾಲ್ಲೂಕಿನ ಹೊಲ. ನಮ್ಮ ಫೀಲ್ಡ್ ಸೂಪರ್‌ವೈಸರ್ ಜೊತೆ ನಾನೂ ಹೋದೆ. ಯಜಮಾನರು ಬದುವಿನ ಮೇಲೆ ನಿಂತು, “ನೋಡಮ್ಮ, ನೀವು ಬೇಡ ಎಂದ ಔಷಧಿಯನ್ನು ಸೌತೆಗೆ ಮುಟ್ಟಿಸಿಲ್ಲ. ಮನೆದೇವರ ಮೇಲೆ ಆಣೆ” ಎಂದರು. ಅವರ ದಾಖಲೆ ಪುಸ್ತಕವೂ ಹಾಗೆಯೇ ಹೇಳುತ್ತಿತ್ತು. ಮಾತು ಮುಗಿಸಿ ಹೊರಡುವಾಗ ಅವರ ಮನೆಯಾಕೆ, “ತೆಂಗಿನ ಸಸಿಗೆ ಗೆದ್ದಲು ಹಿಡಿದಿತ್ತಲ್ಲ, ಅದಕ್ಕೆ ಹೊಡೆದಿರಿ” ಎಂದು ನೆನಪಿಸಿದರು. ಔಷಧಿ ಹೊಡೆಯುವ ಪಂಪು ಮನೆಗೆ ಒಂದೇ. ತೆಂಗಿಗೆ ಹೊಡೆದ ಮೇಲೆ ತೊಳೆದಿದ್ದರು, ಎರಡು ಬಾರಿ ತೊಳೆದಿದ್ದರು. ಸೂಪರ್‌ವೈಸರ್ ಪಂಪಿನ ಮುಚ್ಚಳ ತೆಗೆದು ಮೂಸಿ ನೋಡಿ ನನ್ನ ಕೈಗೆ ಕೊಟ್ಟ. ತಳದ ಜಾಲರಿಯಲ್ಲಿ, ರಬ್ಬರ್ ಕೊಳವೆಯ ಒಳಗೋಡೆಯಲ್ಲಿ ಆ ಘಾಟು ಇನ್ನೂ ಇತ್ತು.

ಆ ರೈತರು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗೆದ್ದಲಿಗೆ ಆ ಔಷಧಿ ನಮ್ಮ ಅಂಗಡಿಗಳಲ್ಲಿ ಕಾನೂನುಬದ್ಧವಾಗಿ ಮಾರುವಂಥದ್ದು. ಯುರೋಪಿನ ಕಾನೂನು ಸೌತೆಯ ಸಾಲಿಗೆ ಮಾತ್ರ ಬಂದಿಲ್ಲ, ಅವರ ತೆಂಗಿನ ಬುಡಕ್ಕೂ, ಪಕ್ಕದವರ ಟೊಮೆಟೊ ಹೊಲದಿಂದ ಗಾಳಿಗೆ ಹಾರಿಬರುವ ಹನಿಗೂ ಬಂದಿದೆ. ಅಷ್ಟು ದೂರದ ನಿಯಮವನ್ನು ಅಷ್ಟು ಹತ್ತಿರಕ್ಕೆ ತಂದು ವಿವರಿಸುವುದು ಕಂಪನಿಯ ಕರ್ತವ್ಯ. ಆ ಕಾಯಿಯನ್ನು ನಾವು ರಫ್ತಿನ ಡ್ರಮ್ಮಿಗೆ ಸೇರಿಸಲಿಲ್ಲ. ರೈತರ ಹಣದಲ್ಲಿ ಕಡಿತ ಮಾಡಕೂಡದೆಂದು ನಾನು ಟಿಪ್ಪಣಿ ಬರೆದೆ, ಆಡಳಿತ ಒಪ್ಪಿತು. ಅಲ್ಲಿಂದೀಚೆಗೆ ಸೌತೆಗೆಂದೇ ಬೇರೆ ಬಣ್ಣದ ಪಂಪನ್ನು ಬೀಜದ ಜೊತೆಗೆ ಕೊಡುತ್ತೇವೆ. ತಿರಸ್ಕೃತವಾದ ಒಂದು ಕಂಟೈನರ್‌ನ ಖರ್ಚಿನ ಮುಂದೆ ಪಂಪಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಒಂದು ಔಷಧಿ ಪಟ್ಟಿಯಿಂದ ಹೋದರೆ ಇನ್ನೊಂದನ್ನು ಬಳಸಬಹುದಲ್ಲ ಎಂದು ಕೇಳುವವರಿದ್ದಾರೆ. ಮಿಡಿಸೌತೆಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಈ ಬೆಳೆಯಲ್ಲಿ ದಿನವೂ ಕಾಯಿ ಬಿಡಿಸಬೇಕು. ಕಿಲೋಗೆ 160ಕ್ಕಿಂತ ಹೆಚ್ಚು ಕಾಯಿ ತೂಗುವ ಸಣ್ಣ ಗಾತ್ರಕ್ಕೆ ಒಳ್ಳೆಯ ದರ. ಒಂದೆರಡು ದಿನ ಗಿಡದಲ್ಲೇ ಬಿಟ್ಟರೆ ದಪ್ಪಗಾಗಿ ಕಡಿಮೆ ದರದ ದರ್ಜೆಗೆ ಇಳಿಯುತ್ತದೆ. ಹೀಗಿರುವಾಗ, ಹೊಡೆದ ಮೇಲೆ ಐದು ದಿನ ಕಾಯಿ ಬಿಡಿಸಬಾರದು ಎಂಬ ಔಷಧಿಯನ್ನು ಬದಲಿಗೆ ಕೊಟ್ಟರೆ ರೈತ ಆ ಐದು ದಿನದ ಬೆಳೆಯನ್ನು ಕಳೆದುಕೊಂಡಂತೆ. ಮಳೆಗಾಲದಲ್ಲಿ ಬೂಜು ರೋಗ ಬಂದರೆ ಕೆಲವೇ ದಿನಗಳಲ್ಲಿ ಎಲೆ ಹಳದಿಯಾಗಿ ಸುಟ್ಟಂತಾಗುತ್ತದೆ. ಅದಕ್ಕೆ ಅಗ್ಗದಲ್ಲಿ ಸಿಗುತ್ತಿದ್ದ ಮ್ಯಾಂಕೋಜೆಬ್‌ಗೂ ಐರೋಪ್ಯ ಒಕ್ಕೂಟ 2020ರ ಡಿಸೆಂಬರ್‌ನಲ್ಲಿ ಅನುಮತಿ ನವೀಕರಿಸಲಿಲ್ಲ. ಪಟ್ಟಿ ಚಿಕ್ಕದಾದಷ್ಟೂ ಉಳಿದ ಔಷಧಿಗಳ ಬಳಕೆ ಹೆಚ್ಚುತ್ತದೆ, ರೋಗ ಅವುಗಳಿಗೂ ಒಗ್ಗಿಕೊಳ್ಳುತ್ತದೆ. ಆದ್ದರಿಂದ ಬದಲಿ ಔಷಧಿ ಹುಡುಕುವ ಮುನ್ನ ಸಾಲಿನ ಅಂತರ, ಗಾಳಿಯಾಡುವಂತೆ ಬಳ್ಳಿ ಹಬ್ಬಿಸುವುದು, ಹಣ್ಣು ನೊಣಕ್ಕೆ ಮೋಹಕ ಬಲೆ, ಬಿಳಿನೊಣಕ್ಕೆ ಹಳದಿ ಅಂಟುಪಟ್ಟಿ ಇವುಗಳನ್ನು ಗಟ್ಟಿಮಾಡಬೇಕು. ಇದಕ್ಕೆ ಒಂದು ಹಂಗಾಮು ಪೂರ್ತಿ ಬೇಕು. ಮೊದಲ ಗಂಟೆಗೇ ಏಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ನಿಯಮಗಳು ಒಂದೇ ದಿಕ್ಕಿಗೆ ಸಾಗುತ್ತವೆ ಎಂದೂ ತಿಳಿಯಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದೇ ಕ್ಲೋರ್‌ಪೈರಿಫಾಸ್‌ಗೆ ಆಹಾರದಲ್ಲಿದ್ದ ಮಿತಿಗಳನ್ನೆಲ್ಲ 2021ರ ಆಗಸ್ಟ್‌ನಲ್ಲಿ ರದ್ದುಮಾಡಿತು, ಅಂದರೆ ಶೇಷಾಂಶ ಒಂದಿಷ್ಟೂ ಇರಕೂಡದು ಎಂದಿತು. 2022ರ ಫೆಬ್ರವರಿ ಕೊನೆಗೆ ಅದು ಜಾರಿಗೆ ಬಂತು. 2023ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ರದ್ದತಿಯನ್ನೇ ತಳ್ಳಿಹಾಕಿತು, ಹಳೆಯ ಮಿತಿಗಳು ಮರಳಿ ಬಂದವು. 2024ರ ಡಿಸೆಂಬರ್‌ನಲ್ಲಿ ಹನ್ನೊಂದು ಬೆಳೆಗಳನ್ನು ಬಿಟ್ಟು ಉಳಿದವಕ್ಕೆ ಮತ್ತೆ ರದ್ದು ಮಾಡುವ ಪ್ರಸ್ತಾವ ಹೊರಟಿತು. ಆ ಹನ್ನೊಂದರಲ್ಲಿ ಸೌತೆ ಇಲ್ಲ. ನ್ಯಾಯಾಲಯದ ತೀರ್ಪು ಬಂದಾಗ ಔಷಧಿಯನ್ನು ಮತ್ತೆ ಪಟ್ಟಿಗೆ ಸೇರಿಸಬಹುದೇ ಎಂಬ ಮಾತು ನಮ್ಮಲ್ಲೂ ಎದ್ದಿತು. ಬೇಡವೆಂದು ನಾನು ಹಟ ಹಿಡಿದೆ. ಇವತ್ತು ಕೊಟ್ಟು ನಾಳೆ ಕಿತ್ತುಕೊಳ್ಳುವ ಮಾತನ್ನು ರೈತನಿಗೆ ಹೇಳಬಾರದು. ಒಂದೇ ಹೊಲದ ಕಾಯಿ ಅಮೆರಿಕಕ್ಕೂ ಯುರೋಪಿಗೂ ಹೋಗುವಾಗ ಎಲ್ಲಕ್ಕಿಂತ ಬಿಗಿಯಾದ ಮಿತಿಯೇ ನಮ್ಮ ಹೊಲದ ಕಾನೂನು. 2025ರ ಮೇ ತಿಂಗಳಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಜಾಗತಿಕ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನಾ ಪಟ್ಟಿಗೆ, ಕೆಲವು ವಿನಾಯಿತಿಗಳೊಂದಿಗೆ, ಈ ಔಷಧಿ ಸೇರಿತು.

ಬ್ರಿಟನ್ ಬೇರೆಯಾದ ಮೇಲೆ ಇನ್ನೊಂದು ಕವಲು ಹುಟ್ಟಿದೆ. 2021ರ ಜನವರಿಯಿಂದ ಗ್ರೇಟ್ ಬ್ರಿಟನ್ ತನ್ನ ಮಿತಿಗಳನ್ನು ತಾನೇ ನಿಗದಿಮಾಡುತ್ತದೆ, ಉತ್ತರ ಐರ್ಲೆಂಡ್ ಮಾತ್ರ ಐರೋಪ್ಯ ಒಕ್ಕೂಟದ ನಿಯಮವನ್ನೇ ಪಾಲಿಸುತ್ತದೆ. ಬೆಲ್‌ಫಾಸ್ಟ್‌ಗೆ ಹೋಗುವ ಸರಕಿಗೆ ಲಿವರ್‌ಪೂಲ್‌ನ ಪಟ್ಟಿ ನೋಡಿ ಪ್ರಮಾಣಪತ್ರ ಸಿದ್ಧಪಡಿಸಿದರೆ ಕೆಟ್ಟಿತು. ಕೆಂಪು ಸಮುದ್ರದ ಗಲಾಟೆಯಿಂದ 2023ರ ಕೊನೆಯಲ್ಲಿ ಹಡಗುಗಳು ಆಫ್ರಿಕಾವನ್ನು ಸುತ್ತಿಹೋಗಲು ತೊಡಗಿದಾಗ ಪ್ರಯಾಣ ವಾರಗಟ್ಟಲೆ ಉದ್ದವಾಯಿತು. ನಿಯಮಗಳಲ್ಲಿ ಹಳೆಯ ಸರಕಿಗೆ ರಿಯಾಯಿತಿ ಕೊಡುವಾಗಲೂ ‘ಇಂಥ ದಿನಕ್ಕೆ ಮುಂಚೆ ಒಕ್ಕೂಟದೊಳಗೆ ಆಮದಾದ ಸರಕು’ ಎಂದು ಬರೆದಿರುತ್ತದೆ. ಹಡಗು ಹತ್ತಿದ ದಿನ ಲೆಕ್ಕಕ್ಕಿಲ್ಲ. ಸಮುದ್ರದ ಮೇಲಿರುವಾಗಲೇ ಸರಕಿನ ಕಾನೂನು ಬದಲಾಗಬಹುದು. ಹಿಂದಕ್ಕೆ ಎಣಿಸುವಾಗ ಈ ವಾರಗಳನ್ನೂ ಸೇರಿಸಿ.

ನಮ್ಮ ದನಿಗೆ ಅಲ್ಲಿ ಬೆಲೆಯೇ ಇಲ್ಲವೇ ಎಂದರೆ, ಸ್ವಲ್ಪ ಇದೆ. ಕರಡು ನಿಯಮ ಸೂಚನೆಗೆ ಬಂದಾಗ ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 60 ದಿನಗಳ ಅವಕಾಶವಿರುತ್ತದೆ. ಕೇಂದ್ರ ಸರ್ಕಾರದ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾ ಮೂಲಕ, ವಾಣಿಜ್ಯ ಸಚಿವಾಲಯದ ಮೂಲಕ ನಮ್ಮ ಆಕ್ಷೇಪ ಹೋಗಬಹುದು. ಕೀಟನಾಶಕ ಮಿತಿಗಳ ಬಗ್ಗೆ ಭಾರತ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದನಿ ಎತ್ತಿದ್ದೂ ಇದೆ. ‘ನಮಗೆ ತೊಂದರೆಯಾಗುತ್ತದೆ’ ಎಂಬ ಪತ್ರಕ್ಕೆ ಅಲ್ಲಿ ತೂಕವಿಲ್ಲ. ಯಾವ ಬೆಳೆ, ಯಾವ ಕೀಟ, ಎಷ್ಟು ದಿನದ ಅಂತರ, ಪ್ರಯೋಗಾಲಯದ ಫಲಿತಾಂಶ ಏನು ಎಂಬ ಅಂಕಿ ಅಂಶ ಬೇಕು. ಆ ಅಂಕಿ ಅಂಶ ಇರುವುದು ನಮ್ಮ ರೈತರ ದಾಖಲೆ ಪುಸ್ತಕಗಳಲ್ಲಿ. ಅವನ್ನು ತಪಾಸಣೆಗೆ ಬರುವವರಿಗೆ ತೋರಿಸುವುದಕ್ಕಷ್ಟೇ ಬರೆಸಿ ಮೂಲೆಗೆ ಹಾಕುವುದು ನನಗೆ ಸಂಕಟದ ವಿಷಯ.

ಈ ಹಂಗಾಮಿನ ಒಪ್ಪಂದ ಪತ್ರಕ್ಕೆ ಎರಡು ಸಾಲು ಹೊಸದಾಗಿ ಸೇರಿವೆ. ಬಿತ್ತನೆಯ ನಂತರ ಹೊರದೇಶದ ನಿಯಮ ಬದಲಾಗಿ ಕಾಯಿ ತಿರಸ್ಕೃತವಾದರೆ, ಕಂಪನಿ ಕೊಟ್ಟ ಪಟ್ಟಿಯಂತೆ ನಡೆದುಕೊಂಡ ರೈತನಿಗೆ ಒಪ್ಪಿದ ದರ ಪೂರ್ತಿ ಸಿಗಬೇಕು. ಔಷಧಿ ಪಟ್ಟಿಯ ಬದಲಾವಣೆಯನ್ನು ಬೀಜ ಹಂಚುವ ದಿನಕ್ಕೆ ಮೊದಲೇ, ಸಂಗ್ರಹಣಾ ಕೇಂದ್ರದ ಗೋಡೆಯ ಮೇಲೆ, ಅಂಗಡಿಯ ಬ್ರಾಂಡ್ ಹೆಸರಿನ ಸಮೇತ ಕನ್ನಡದಲ್ಲಿ ಬರೆದು ಹಾಕಬೇಕು. ಕೊರಟಗೆರೆ ಕಡೆಯ ಕೇಂದ್ರಗಳಲ್ಲಿ ಪಟ್ಟಿ ಅಂಟಿಸಿ ಆಗಿದೆ, ಪಾವಗಡದ್ದು ಈ ವಾರ ಮುಗಿಯುತ್ತದೆ.